ಎರಡನೆಯ ತರಗತಿಯ ಮಗುವಿನ ಮನೆಯವರಿಗೆ

ಕೇಳುಗರಿಗೆ ನಮಸ್ಕಾರ.

ನಾನು ಚಿಕ್ಕಬಳ್ಳಾಪುರ ಜಿಲ್ಲೆಯ ಶಿಡ್ಲಘಟ್ಟ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕಿ. ಬಹಳ ವರ್ಷಗಳಿಂದ ನನ್ನ ಪಾಲಿಗೆ ಬಂದಿರುವುದು ನಲಿಕಲಿ ಕೊಠಡಿ, ಅಂದರೆ ಒಂದರಿಂದ ಮೂರನೆಯ ತರಗತಿಯ ಮಕ್ಕಳು ಒಟ್ಟಿಗೆ ಕೂತು ಕಾರ್ಡುಗಳಿಂದ ಕಲಿಯುವ ಕೊಠಡಿ. ಮಗುವನ್ನು ಒಂದನೆಯ ತರಗತಿಗೆ ಸೇರಿಸುವ ದಿನ ಅಪ್ಪ, ಅಮ್ಮ, ಕೆಲವೊಮ್ಮೆ ಅಜ್ಜಿಯೂ ಸೇರಿ ಮನೆಮಂದಿಯೆಲ್ಲ ಶಾಲೆಯ ಬಾಗಿಲಿಗೆ ಬರುತ್ತಾರೆ. ಮರುವರ್ಷ ಅದೇ ಮಗು ಎರಡನೆಯ ತರಗತಿಗೆ ಬಂದಾಗ ಯಾರೂ ಬರುವುದಿಲ್ಲ. ಮಗುವಿಗೆ ದಾರಿ ಗೊತ್ತಾಗಿದೆ, ಇನ್ನು ಶಾಲೆಯವರು ನೋಡಿಕೊಳ್ಳುತ್ತಾರೆ ಎಂಬ ನಂಬಿಕೆ ಅದಕ್ಕೆ ಕಾರಣ. ಆ ನಂಬಿಕೆಗೆ ನಾನು ಕೃತಜ್ಞಳಾಗಿದ್ದೇನೆ. ಆದರೆ ಮಗು ಅಕ್ಷರ ಕೂಡಿಸಿ ಓದುವುದನ್ನು ಬಿಟ್ಟು ಸಲೀಸಾಗಿ ಓದಲು ತೊಡಗುವುದು, ಎರಡಂಕಿಯ ಲೆಕ್ಕಕ್ಕೆ ಕೈಹಾಕುವುದು ಈ ಎರಡನೆಯ ವರ್ಷದಲ್ಲಿಯೇ. ಆದ್ದರಿಂದ ಮನೆಯವರ ನೆರವು ನಮಗೆ ಹೆಚ್ಚು ಬೇಕಾಗುವುದೂ ಈಗಲೇ. ಪಾಠ ಹೇಳಿಕೊಡಿ ಎಂದು ನಾವು ಕೇಳುತ್ತಿಲ್ಲ. ಮಗುವನ್ನು ದಿನವೂ ಹೊತ್ತಿಗೆ ಸರಿಯಾಗಿ ಕಳುಹಿಸಿ, ಅದು ಕಲಿತು ಬಂದದ್ದನ್ನು ಕಿವಿಗೊಟ್ಟು ಕೇಳಿ ಎಂಬ ಎರಡು ಮಾತಿನಲ್ಲಿ ನಮ್ಮ ತರಗತಿಯ ನಿಯಮಗಳೆಲ್ಲ ಅಡಗಿವೆ.

ಮೊದಲು ಹಾಜರಾತಿಯ ಮಾತನ್ನು ಹೇಳುತ್ತೇನೆ. ನಮ್ಮದು ರೇಷ್ಮೆಯ ಸೀಮೆ. ನಾಲ್ಕನೆಯ ಜ್ವರ ಎದ್ದ, ಅಂದರೆ ನಾಲ್ಕನೆಯ ಸಲ ಪೊರೆ ಕಳಚಿದ ಹುಳು ಹಗಲಿರುಳೆನ್ನದೆ ಸೊಪ್ಪು ತಿಂದು ಹಣ್ಣಾಗುತ್ತದೆ, ಗೂಡು ಕಟ್ಟಲು ಸಿದ್ಧವಾಗುತ್ತದೆ. ಹಣ್ಣಾದ ಹುಳುವನ್ನು ತಡಮಾಡದೆ ಆಯ್ದು, ಅದು ಗೂಡು ಕಟ್ಟುವ ಚಂದ್ರಿಕೆಗೆ ಬಿಡದಿದ್ದರೆ ನೂಲು ತಟ್ಟೆಯಲ್ಲೇ ಹಾಳಾಗುತ್ತದೆ. ಆ ಒಂದೆರಡು ದಿನ ಮನೆಯಲ್ಲಿ ಎಷ್ಟು ಕೈಗಳಿದ್ದರೂ ಸಾಲದು. ಅದನ್ನು ನಾನು ಕಣ್ಣಾರೆ ಕಂಡವಳು. ಹೀಗೆ ನಾಲ್ಕು ದಿನ ಮನೆಯಲ್ಲಿ ಉಳಿದಿದ್ದ ಹುಡುಗನೊಬ್ಬ ಶಾಲೆಗೆ ಮರಳಿದ ಬೆಳಿಗ್ಗೆ, ಹಣ್ಣು ಹುಳುವಿನ ಮೈ ಹೇಗೆ ಕನ್ನಡಿಯಂತೆ ತಿಳಿಯಾಗುತ್ತದೆ, ಅದು ತಲೆಯೆತ್ತಿ ಹೇಗೆ ಆಡಿಸುತ್ತದೆ ಎಂಬುದನ್ನು ಗೋಡೆಯ ಕೆಳಗಿನ ಕರಿಹಲಗೆಯ ಮೇಲೆ ಬರೆದು ತೋರಿಸಿದ. ಅಷ್ಟು ಚೆನ್ನಾಗಿ ನನಗೂ ಗೊತ್ತಿರಲಿಲ್ಲ. ಆದರೆ ಆ ನಾಲ್ಕು ದಿನಗಳಲ್ಲಿ ಅವನ ಜೊತೆಯ ಮಕ್ಕಳು ಒತ್ತಕ್ಷರಕ್ಕೆ ಕಾಲಿಟ್ಟಿದ್ದರು. ‘ಅಕ್ಕ’ ಎಂದು ಬರೆದ ಕಾರ್ಡನ್ನು ಹಿಡಿದು ಅವನು ‘ಅಕ’ ಎಂದು ಓದಿದಾಗ ಪಕ್ಕದ ಹುಡುಗಿ ತಿದ್ದಿದಳು, ಅವನು ಕಾರ್ಡನ್ನು ಕೆಳಗಿಟ್ಟುಬಿಟ್ಟ. ಆಮೇಲೆ ಎರಡು ವಾರ ಅವನು ಗುಂಪಿನಲ್ಲಿ ಬಾಯಿಬಿಟ್ಟು ಓದಲಿಲ್ಲ. ತಪ್ಪಿಹೋದ ಪಾಠವನ್ನು ನಾನು ಮತ್ತೆ ಹೇಳಿಕೊಡಬಲ್ಲೆ. ಆದರೆ ಕುಗ್ಗಿದ ಮಗುವನ್ನು ಮತ್ತೆ ಓದಿಗೆ ಒಲಿಸಿಕೊಳ್ಳಲು ಬಹಳ ಕಾಲ ಹಿಡಿಯುತ್ತದೆ.

ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಒಂದರಿಂದ ಐದನೆಯ ತರಗತಿಯವರೆಗೆ ವರ್ಷಕ್ಕೆ ಕನಿಷ್ಠ 200 ಕೆಲಸದ ದಿನಗಳು ಇರಬೇಕು. ವರ್ಷಕ್ಕೆ ಆರು ರೇಷ್ಮೆ ಬೆಳೆ ಎಂದಿಟ್ಟುಕೊಂಡು, ಬೆಳೆಗೆ ಮೂರು ದಿನ ಮಗು ತಪ್ಪಿಸಿಕೊಂಡರೆ 18 ದಿನಗಳಾದವು. ಅದರ ಮೇಲೆ ಊರಜಾತ್ರೆ, ನೆಂಟರ ಮದುವೆ, ಟೊಮೆಟೊ ಕೀಳುವ ಕಾಲ, ಮಾವಿನ ತೋಪಿನ ಕಾವಲು ಎಂದು ಕೂಡಿಸುತ್ತ ಹೋದರೆ ಮಗುವಿನ ವರ್ಷದಲ್ಲಿ ಒಂದು ತಿಂಗಳೇ ಕೈತಪ್ಪಿಹೋಗುತ್ತದೆ. ಕೆಲಸ ನಿಲ್ಲಿಸಿ ಎಂದು ನಾನು ಹೇಳಲಾರೆ. ಏಳು ವರ್ಷದ ಮಗುವಿನ ಎರಡು ಕೈಗಳನ್ನು ಶಾಲೆಯ ಹೊತ್ತಿನಲ್ಲಿ ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ ಎಂದು ಕೇಳಿಕೊಳ್ಳುತ್ತೇನೆ. ಬರಲೇಬಾರದಂಥ ಕಾರಣವಿದ್ದರೆ ಬೆಳಿಗ್ಗೆಯೇ ಒಂದು ಫೋನು ಮಾಡಿ ತಿಳಿಸಿ. ಮಗು ದಾರಿಯಲ್ಲಿ ಎಲ್ಲಿಯಾದರೂ ನಿಂತಿದೆಯೋ ಎಂಬ ಆತಂಕವಾದರೂ ನಮಗೆ ತಪ್ಪುತ್ತದೆ. ಹೊತ್ತಿಗೆ ಸರಿಯಾಗಿ ಎಂದು ಒತ್ತಿ ಹೇಳುವುದಕ್ಕೂ ಕಾರಣವುಂಟು. ಪ್ರಾರ್ಥನೆಯಾದ ಕೂಡಲೇ ಮಕ್ಕಳು ಹವಾಮಾನ ನಕ್ಷೆ ತುಂಬುತ್ತಾರೆ, ತಮ್ಮ ಹೆಸರಿನ ಮುಂದೆ ತಾವೇ ಗುರುತು ಹಾಕುತ್ತಾರೆ, ಆ ದಿನ ಯಾವ ಗುಂಪಿನಲ್ಲಿ ಕೂರಬೇಕೆಂದು ತಿಳಿದುಕೊಳ್ಳುತ್ತಾರೆ. ಅರ್ಧ ಗಂಟೆ ತಡವಾಗಿ ಬಂದ ಮಗು ಇಡೀ ಬೆಳಿಗ್ಗೆ ಜಾಗ ಹುಡುಕುತ್ತಿರುತ್ತದೆ.

ಇನ್ನು, ಪೋಷಕರಿಂದ ನಾನು ಹೆಚ್ಚಾಗಿ ಕೇಳುವ ದೂರು ಒಂದಿದೆ. ‘ಎರಡನೇ ಕ್ಲಾಸಿಗೆ ಬಂದರೂ ನಮ್ಮ ಮಗೂಗೆ ಅ ಆ ಇ ಈ ಸಾಲಾಗಿ ಹೇಳೋಕೆ ಬರಲ್ಲ ಮೇಡಂ’ ಎನ್ನುತ್ತಾರೆ. ಇದಕ್ಕೆ ವಿವರವಾಗಿಯೇ ಉತ್ತರ ಹೇಳಬೇಕು. ನಲಿಕಲಿ ಪದ್ಧತಿ 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಮೊದಲಾಯಿತು. ಅದಕ್ಕೆ ಮೇಲ್ಪಂಕ್ತಿಯಾದದ್ದು ನಮ್ಮ ಗಡಿಯಾಚೆ, ಮದನಪಲ್ಲಿಯ ಬಳಿಯ ರಿಷಿ ವ್ಯಾಲಿ ಶಾಲೆಯವರು ಸುತ್ತಲ ಹಳ್ಳಿಯ ಶಾಲೆಗಳಲ್ಲಿ ನಡೆಸುತ್ತಿದ್ದ ಕಾರ್ಡುಗಳ ಕಲಿಕೆ. 2009-10ರಿಂದ ಇದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ಇದರಲ್ಲಿ ಅಕ್ಷರಗಳು ವರ್ಣಮಾಲೆಯ ಸಾಲಿನಲ್ಲಿ ಬರುವುದಿಲ್ಲ. ಮೊದಲ ಗುಂಪು ರ, ಗ, ಸ, ದ, ಅ. ಈ ಐದೇ ಅಕ್ಷರ ಕಲಿತ ಮಗು ಸರ, ರಸ, ದರ, ಅರಸ, ಅಗಸ, ಗರಗಸ ಎಂಬ ಮಾತುಗಳನ್ನು ತಾನೇ ಓದಬಲ್ಲದು. ಆಮೇಲೆ ಜ, ವ, ಮ, ಬ, ನ ಸೇರುತ್ತವೆ. ಮನ, ವನ, ಜನ, ಬಸವ ಎಲ್ಲವೂ ಬಾಯಿಗೆ ಬರುತ್ತವೆ. ವರ್ಣಮಾಲೆಯನ್ನು ಹಾಡಿನಂತೆ ಒಪ್ಪಿಸುವ ಮಗುವಿನ ಮುಂದೆ ‘ಮ’ ಎಂಬ ಒಂದೇ ಅಕ್ಷರವನ್ನು ಬರೆದಿಟ್ಟು ಇದೇನೆಂದು ಕೇಳಿದರೆ, ಅದು ಮೊದಲಿನಿಂದ ಹೇಳಿಕೊಂಡು ಬಂದು ಅಲ್ಲಿಗೆ ತಲುಪಲು ಹೆಣಗುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಸಾಲು ಆಮೇಲೆ ತಾನಾಗಿ ಬರುತ್ತದೆ. ಮಗುವನ್ನು ಪರೀಕ್ಷಿಸಬೇಕೆನಿಸಿದರೆ ಅ ಆ ಇ ಈ ಒಪ್ಪಿಸು ಎನ್ನಬೇಡಿ. ಬಸ್ಸಿನ ಹಲಗೆಯನ್ನೋ ಅಂಗಡಿಯ ಹೆಸರನ್ನೋ ತೋರಿಸಿ ಇದರಲ್ಲಿ ಯಾವ ಅಕ್ಷರ ನಿನಗೆ ಗೊತ್ತು ಎಂದು ಕೇಳಿ.

ಒಂದು, ಎರಡು, ಮೂರನೆಯ ತರಗತಿಯ ಮಕ್ಕಳು ಒಂದೇ ಕೊಠಡಿಯಲ್ಲಿ ಇರುವುದನ್ನು ನೋಡಿ ಕೆಲವರಿಗೆ ಬೇಸರವಾಗುತ್ತದೆ. ಹೊಸ ಕಲಿಕೆಯಿರುವ ಮಕ್ಕಳು ಶಿಕ್ಷಕರ ಪೂರ್ಣ ಬೆಂಬಲದ ಗುಂಪಿನಲ್ಲಿ ನನ್ನ ಪಕ್ಕ ಕೂರುತ್ತಾರೆ, ಸ್ವಲ್ಪ ಬಂದವರು ಸಹಪಾಠಿಯ ನೆರವಿನಿಂದ ಕಲಿಯುತ್ತಾರೆ, ಚೆನ್ನಾಗಿ ಬಂದವರು ಸ್ವಕಲಿಕೆಯ ಗುಂಪಿಗೆ ಹೋಗುತ್ತಾರೆ. ಎರಡನೆಯ ತರಗತಿಯ ಮಗು ಒಂದನೆಯ ತರಗತಿಯ ಪುಟ್ಟವರಿಗೆ ಕಾರ್ಡು ಓದಿ ಹೇಳುವಾಗ ತಾನು ಹೋದ ವರ್ಷ ಕಲಿತದ್ದನ್ನು ಮತ್ತೊಮ್ಮೆ ಗಟ್ಟಿಮಾಡಿಕೊಳ್ಳುತ್ತದೆ.

ಮನೆಗೆಲಸದ ವಿಷಯ ಸ್ಪಷ್ಟವಾಗಿದೆ. ರಾಜ್ಯ ಸರ್ಕಾರ 2019ರಲ್ಲಿ ಹೊರಡಿಸಿದ ಆದೇಶದಂತೆ ಒಂದು ಮತ್ತು ಎರಡನೆಯ ತರಗತಿಯ ಮಕ್ಕಳಿಗೆ ಹೋಂವರ್ಕ್ ಕೊಡುವಂತಿಲ್ಲ. ಅವರ ಚೀಲದ ತೂಕ ಒಂದೂವರೆಯಿಂದ ಎರಡು ಕಿಲೋ ಮೀರಬಾರದು. ಹಾಗಿದ್ದೂ ‘ಏನೂ ಬರೆಯೋಕೆ ಕೊಟ್ಟಿಲ್ಲವಲ್ಲ’ ಎಂದು ಸಂಜೆ ಮಗುವನ್ನು ಕೂರಿಸಿ ಒಂದರಿಂದ ನೂರರವರೆಗೆ ಬರೆಸುವ ಮನೆಗಳಿವೆ. ಒಮ್ಮೆ ಒಂದು ಮಗುವಿನ ಪುಸ್ತಕದ ನಾಲ್ಕು ಪುಟಗಳಲ್ಲಿ ಹೀಗೆ ಬರೆದ ಅಂಕಿಗಳಿದ್ದವು. ಮಗು ಅಡ್ಡಸಾಲು ಬಿಟ್ಟು, ಮೊದಲು ಹತ್ತರ ಜಾಗದ ಅಂಕಿಗಳನ್ನೆಲ್ಲ ಮೇಲಿನಿಂದ ಕೆಳಕ್ಕೆ ಬರೆದು, ಆಮೇಲೆ ಪಕ್ಕದಲ್ಲಿ ಸೊನ್ನೆಯಿಂದ ಒಂಬತ್ತರವರೆಗೆ ತುಂಬಿಕೊಂಡು ಬಂದಿತ್ತು. ಪುಟ ತುಂಬಿತ್ತು, ಅಕ್ಷರವೂ ದುಂಡಾಗಿತ್ತು. ಆದರೆ ನಲವತ್ತೇಳು ದೊಡ್ಡದೋ ಎಪ್ಪತ್ನಾಲ್ಕು ದೊಡ್ಡದೋ ಎಂದರೆ ಅದಕ್ಕೆ ತಿಳಿಯಲಿಲ್ಲ. ಹತ್ತು ಹತ್ತು ಕಡ್ಡಿಗಳ ಕಟ್ಟು ಮಾಡಿಸಿ, ನಾಲ್ಕು ಕಟ್ಟು ಏಳು ಬಿಡಿ, ಏಳು ಕಟ್ಟು ನಾಲ್ಕು ಬಿಡಿ ಎಂದು ಎರಡೂ ಕೈಗೆ ಕೊಟ್ಟಾಗ ಒಂದೇ ಕ್ಷಣದಲ್ಲಿ ತಿಳಿಯಿತು.

ಈಗ ನನ್ನ ಮನಸ್ಸಿಗೆ ಬಹಳ ಹತ್ತಿರವಾದ ಮಾತು. ಶಿಡ್ಲಘಟ್ಟ, ಚಿಂತಾಮಣಿ, ಬಾಗೇಪಲ್ಲಿ, ಗುಡಿಬಂಡೆಯ ಕಡೆಗಳಲ್ಲಿ, ಕೋಲಾರದ ಕಡೆಗೆ ಹೋದರೆ ಶ್ರೀನಿವಾಸಪುರ, ಮುಳಬಾಗಿಲಿನಲ್ಲಿ, ಅನೇಕ ಮನೆಗಳ ಮಾತು ತೆಲುಗು. ಉರ್ದು ಆಡುವ ಮನೆಗಳೂ ಬಹಳ ಇವೆ. ಚಿತ್ರದ ಕಾರ್ಡಿನಲ್ಲಿ ಹಾಲಿನ ಲೋಟ ನೋಡಿದ ಹುಡುಗಿಯೊಬ್ಬಳು ‘ಪಾಲು’ ಎಂದು ಹೇಳಿ, ಅದರ ಮುಂದೆ ‘ಪ’ ಅಕ್ಷರದ ಕಾರ್ಡನ್ನು ತಂದಿಟ್ಟಳು. ಅದನ್ನು ತಪ್ಪೆಂದು ಹೇಳಲು ನನಗೆ ಮನಸ್ಸು ಬರಲಿಲ್ಲ. ಅವಳ ಕಿವಿ ಸರಿಯಾಗಿತ್ತು, ಅಕ್ಷರವೂ ಸರಿಯಾಗಿತ್ತು. ಹಳಗನ್ನಡದಲ್ಲಿ ಹಾಲಿಗೆ ‘ಪಾಲ್’ ಎಂದೇ ಹೆಸರು, ಹುಲಿಗೆ ‘ಪುಲಿ’. ನಿಮ್ಮ ಮನೆಯಲ್ಲಿ ಪಾಲು, ನಮ್ಮ ಶಾಲೆಯಲ್ಲಿ ಹಾಲು ಎಂದು ಎರಡು ಕಾರ್ಡುಗಳನ್ನೂ ಪಕ್ಕಪಕ್ಕ ಇಟ್ಟೆವು. ತಂದೆತಾಯಂದಿರು ಮಗುವಿನ ಕನ್ನಡ ಸುಧಾರಿಸಲಿ ಎಂದು ಮನೆಯಲ್ಲಿ ತಮಗೆ ಒಗ್ಗದ ಕನ್ನಡವನ್ನು ತಡವರಿಸಿ ಆಡಬೇಕಿಲ್ಲ. ಅಜ್ಜಿ ತೆಲುಗಿನಲ್ಲಿ ಕಥೆ ಹೇಳಲಿ, ಮಗು ಕೇಳಲಿ, ನಡುವೆ ಪ್ರಶ್ನೆ ಕೇಳಲಿ. ಮನೆಮಾತಿನಲ್ಲಿ ಕಥೆಯನ್ನು ಹಿಂದುಮುಂದಾಗದಂತೆ ಹೇಳಬಲ್ಲ ಮಗು ಕನ್ನಡದಲ್ಲಿಯೂ ಬೇಗ ಹೇಳುತ್ತದೆ. ನಮ್ಮ ಕೊಠಡಿಯಲ್ಲಿ ಮನೆಮಾತು ಆಡಿದ್ದಕ್ಕೆ ಯಾವ ಮಗುವನ್ನೂ ನಾವು ಗದರುವುದಿಲ್ಲ.

ಹೊಡೆಯುವುದೂ ಇಲ್ಲ. ‘ಕಣ್ಣೆರಡು ಬಿಟ್ಟು ಎಲ್ಲಿಗೆ ಬೇಕಾದರೂ ಹೊಡೀರಿ ಮೇಡಂ, ನಾವು ಕೇಳಲ್ಲ’ ಎಂದು ಈಗಲೂ ಕೆಲವರು ಹೇಳುತ್ತಾರೆ. ಮಗು ಓದಲಿ ಎಂಬ ಕಳಕಳಿಯಿಂದಲೇ ಅವರು ಹಾಗೆ ಹೇಳುತ್ತಾರೆಂದು ನನಗೆ ಗೊತ್ತು. ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಕಾಯ್ದೆ ಇಲ್ಲದಿದ್ದರೂ ನಾನು ಹೊಡೆಯುತ್ತಿರಲಿಲ್ಲ, ಏಕೆಂದರೆ ಏಟಿಗೆ ಹೆದರಿದ ಮಗು ತನಗೆ ಬಾರದ್ದನ್ನು ಮುಚ್ಚಿಡಲು ಕಲಿಯುತ್ತದೆ. ಮಗು ತನಗೆ ಬಾರದ್ದನ್ನು ತೋರಿಸಿದರೆ ಮಾತ್ರ ನಾನು ಕಲಿಸಬಲ್ಲೆ. ‘ಇರು, ನಿಮ್ಮ ಮಿಸ್ಸಿಗೆ ಹೇಳ್ತೀನಿ’ ಎಂದು ಮನೆಯಲ್ಲಿ ನನ್ನ ಹೆಸರು ಹೇಳಿ ಹೆದರಿಸಬೇಡಿ ಎಂಬುದೂ ನನ್ನ ಬೇಡಿಕೆ. ಇಬ್ಬರು ಮಕ್ಕಳ ನಡುವೆ ಜಗಳವಾದರೆ ದಯವಿಟ್ಟು ಮೊದಲು ನನ್ನಲ್ಲಿಗೆ ಬನ್ನಿ, ಇನ್ನೊಂದು ಮಗುವಿನ ಮನೆಯ ಬಾಗಿಲಿಗೆ ಹೋಗಬೇಡಿ. ಮಕ್ಕಳು ಮಧ್ಯಾಹ್ನದ ಊಟದ ಹೊತ್ತಿಗೆ ರಾಜಿಯಾಗಿರುತ್ತಾರೆ, ದೊಡ್ಡವರ ಮಾತು ಮಾತ್ರ ವರ್ಷಗಟ್ಟಲೆ ಬೆಳೆಯುತ್ತದೆ.

ಊಟ ಮತ್ತು ಆರೋಗ್ಯದ ಬಗ್ಗೆ ಕೆಲವೇ ಮಾತು. ಕ್ಷೀರಭಾಗ್ಯ ಯೋಜನೆ 2013ರ ಆಗಸ್ಟ್ 1ರಂದು ಆರಂಭವಾದಾಗಿನಿಂದ ಮಕ್ಕಳಿಗೆ ಶಾಲೆಯಲ್ಲಿ 150 ಮಿಲಿಲೀಟರ್ ಹಾಲು ಸಿಗುತ್ತಿದೆ, ಮಧ್ಯಾಹ್ನ ಬಿಸಿಯೂಟವೂ ಇದೆ. ಹಾಗೆಂದು ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಕಳುಹಿಸಬೇಡಿ; ರಾತ್ರಿಯ ಮುದ್ದೆಯನ್ನು ಮಜ್ಜಿಗೆಯಲ್ಲಿ ಕಲಸಿ ಕುಡಿಸಿದರೂ ಸಾಕು. ಅಮ್ಮ, ಅಂದರೆ ಚಿಕನ್‌ಪಾಕ್ಸ್, ಎದ್ದ ಮಗುವನ್ನು ಗುಳ್ಳೆಗಳೆಲ್ಲ ಒಣಗಿ ಹಕ್ಕಳೆ ಕಟ್ಟುವವರೆಗೆ ಶಾಲೆಗೆ ಕಳುಹಿಸಬಾರದು. ಜಂತುಹುಳುವಿನ ಮಾತ್ರೆ ಕೊಡುವ ದಿನ ಮಗುವನ್ನು ಮನೆಯಲ್ಲಿ ಉಳಿಸಿಕೊಳ್ಳಬೇಡಿ. ಕಾಯಿಲೆ, ಅಲರ್ಜಿ, ಕಣ್ಣು ಕಿವಿಯ ತೊಂದರೆ ಏನಿದ್ದರೂ ಮುಚ್ಚಿಡದೆ ತಿಳಿಸಿ. ಮಗು ಹಲಗೆಯ ಬಳಿಗೇ ಹೋಗಿ ನಿಲ್ಲುವುದು ತುಂಟತನದಿಂದಲೋ ಕಣ್ಣು ಕಾಣದೆಯೋ ಎಂಬುದು ನಮಗೆ ಗೊತ್ತಾಗಬೇಕು.

‘ನನಗೆ ಓದು ಬರಲ್ಲ, ನಾನೇನು ಮಾಡಲಿ’ ಎನ್ನುವ ತಾಯಂದಿರಿಗೆ ನಾನು ಹೇಳುವುದಿಷ್ಟು. ಅವರೆಕಾಯಿಯ ಕಾಲದಲ್ಲಿ ಒಬ್ಬ ವಿದ್ಯಾರ್ಥಿನಿಯ ಮನೆಗೆ ಹೋಗಿದ್ದೆ. ತಾಯಿ ಹಿತಕಿದ ಬೇಳೆಗೆಂದು ನೆನೆಸಿದ ಕಾಳನ್ನು ಒಂದೊಂದಾಗಿ ಬೆರಳಲ್ಲಿ ಒತ್ತಿ ಸಿಪ್ಪೆ ಬಿಡಿಸುತ್ತಿದ್ದರು. ಮಗಳು ಬಿಡಿಸಿದ ಕಾಳನ್ನು ಹತ್ತು ಹತ್ತರ ಗುಡ್ಡೆ ಮಾಡುತ್ತ, ಎಷ್ಟಾಯಿತೆಂದು ತಾಯಿಗೆ ಹೇಳುತ್ತಿದ್ದಳು. ‘ಐದು ಗುಡ್ಡೆ, ಇನ್ನು ಆರು. ಎಷ್ಟು ಹೇಳು?’ ಎಂದು ಮಗಳೇ ಕೇಳಿದಳು, ತಾಯಿ ಬೇಕೆಂದೇ ಅರವತ್ತೈದು ಎಂದರು, ಮಗಳು ನಕ್ಕು ತಿದ್ದಿದಳು. ಆ ತಾಯಿಗೆ ಹೆಬ್ಬೆಟ್ಟಿನ ಸಹಿ. ಆ ವಾರ ನಾನು ಕಡ್ಡಿಕಟ್ಟುಗಳಿಂದ ಹೇಳಿಕೊಟ್ಟ ಪಾಠ ಆ ಮನೆಯಲ್ಲಿ ನನ್ನ ಕಣ್ಣ ಮುಂದೆಯೇ ಪೂರ್ತಿಯಾಯಿತು. ದಿನಕ್ಕೆ ಹತ್ತು ನಿಮಿಷ ಫೋನು ಬದಿಗಿಟ್ಟು, ಇವತ್ತು ಯಾವ ಕಾರ್ಡು ಓದಿದೆ, ನನಗೂ ಓದಿ ಹೇಳು ಎಂದು ಮಗುವನ್ನು ಕೇಳುವುದಕ್ಕೆ ಓದುಬರಹ ಬೇಕಾಗಿಲ್ಲ.

ನಮ್ಮ ಕೊಠಡಿಯ ಗೋಡೆಯ ಮೇಲೆ ಕಲಿಕೆಯ ಏಣಿ ಇದೆ, ಪ್ರತಿ ಮಗುವಿನ ಪ್ರಗತಿನೋಟವೂ ಇದೆ. ಮಗು ಯಾವ ಮೆಟ್ಟಿಲಿನಲ್ಲಿದೆ, ಯಾವುದನ್ನು ದಾಟಿದೆ, ಎಲ್ಲಿ ನಿಂತಿದೆ ಎಂಬುದೆಲ್ಲ ಅಲ್ಲಿ ಚಿತ್ರದ ಗುರುತುಗಳಲ್ಲಿಯೇ ಕಾಣುತ್ತದೆ. ಮೇಲೆ ಕಟ್ಟಿದ ಚಪ್ಪರದಲ್ಲಿ ಮಕ್ಕಳು ಬರೆದ ಚಿತ್ರಗಳು ತೂಗುತ್ತಿರುತ್ತವೆ. ಪೋಷಕರ ಸಭೆಗೆ ಬರುವಾಗ ಪಕ್ಕದ ಮನೆಯ ಮಗು ಎಷ್ಟನೆಯ ಮೆಟ್ಟಿಲಿನಲ್ಲಿದೆ ಎಂದು ಮೊದಲು ನೋಡಬೇಡಿ. ಅಮ್ಮ ಒಬ್ಬರೇ ಬರುವ ವಾಡಿಕೆಯೂ ಬೇಡ, ಅಪ್ಪಂದಿರೂ ಬನ್ನಿ; ಕೂಲಿ ತಪ್ಪಿಸಿಕೊಳ್ಳಲಾಗದಿದ್ದರೆ ಶಾಲೆ ಬಿಡುವ ಹೊತ್ತಿಗೆ ಯಾವ ದಿನ ಬಂದರೂ ನಾನು ಇರುತ್ತೇನೆ. ಬಂದಾಗ ನನ್ನನ್ನು ಏನೂ ಕೇಳುವ ಮೊದಲು ಮಗುವಿನ ಕೈಹಿಡಿದು ಏಣಿಯ ಮುಂದೆ ನಿಂತುಕೊಳ್ಳಿ. ಅದರ ಮೆಟ್ಟಿಲು ಯಾವುದೆಂದು ಅದೇ ತೋರಿಸುತ್ತದೆ.

ನಮಸ್ಕಾರ.