ನೀರಿನ ಮೇಲಿನ ಬಿಳಿ ಪೊರೆ

ಕೇಳುಗರಿಗೆ ನಮಸ್ಕಾರ.

ಕಳೆದ ವಾರ ಅಣ್ಣನ ಮಗಳು ಡೊಂಬಿವಲಿಯಿಂದ ಮುಂಬೈಯ ಮಾಟುಂಗಾದ ನಮ್ಮ ಮನೆಗೆ ಬಂದಿದ್ದಳು. ಹೊಸ ಕ್ಯಾಮೆರಾ ಕೊಂಡಿದ್ದಾಳೆ. ಈ ಮಳೆಗಾಲದಲ್ಲಿ ಮತ್ಸ್ಯಗಂಧ ರೈಲು ಹಿಡಿದು ಉಡುಪಿಗೆ ಹೋಗುವ ಆಸೆ. "ಚಿಕ್ಕಪ್ಪ, ಫೋರ್ಟ್‌ನಲ್ಲಿ ಒಂದು ಅಂಗಡಿಯವರು ಲೆನ್ಸ್ ಮುಂದೆ ಹಾಕುವ ಮೂರು ಫಿಲ್ಟರ್‌ಗಳ ಸೆಟ್ ತೋರಿಸಿದರು. ತಗೊಳ್ಳಲಾ?" ಎಂದು ಕೇಳಿದಳು. "ಮೂರು ಬೇಡ ಮಗಾ. ಒಂದೇ ತಗೋ, ಒಳ್ಳೇದು ತಗೋ" ಅಂದೆ.

ಆ ಒಂದು, ಪೋಲರೈಸರ್.

ಮಧ್ಯಾಹ್ನ ಗೇಟ್‌ವೇಯಿಂದ ಎಲಿಫೆಂಟಾ ದ್ವೀಪದ ದೋಣಿ ಹತ್ತಿದವರಿಗೆ ಗೊತ್ತು, ನೀರಿನ ಮೇಲೆ ಬಿಳಿ ಹೊಳಪಿನ ಒಂದು ಪೊರೆ ಇರುತ್ತದೆ. ಫೋಟೋದಲ್ಲಿ ಅದು ಇನ್ನೂ ಜಾಸ್ತಿ ಕಾಣುತ್ತದೆ. ನೀರು, ಎಲೆ, ಗಾಜು ಇವುಗಳ ಮೇಲೆ ಬಿದ್ದು ಓರೆಯಾಗಿ ಚಿಮ್ಮುವ ಬೆಳಕು ಬಹುಪಾಲು ಒಂದೇ ದಿಕ್ಕಿನಲ್ಲಿ ಕಂಪಿಸುತ್ತದೆ. ಪೋಲರೈಸರ್ ಆ ದಿಕ್ಕಿನ ಬೆಳಕಿಗೆ ಬಾಗಿಲು ಹಾಕುತ್ತದೆ. ಅದರ ಮುಂದಿನ ಉಂಗುರವನ್ನು ಮೆಲ್ಲಗೆ ತಿರುಗಿಸುತ್ತಾ ನೋಡಿ. ಒಂದು ಕಡೆ ಬಂದಾಗ ಹೊಳಪು ಕರಗಿ, ಅಡಿಯಲ್ಲಿದ್ದ ಬಣ್ಣ ಮೇಲೆ ಬರುತ್ತದೆ.

ನಮ್ಮ ಸಿ. ವಿ. ರಾಮನ್ ಮಾಡಿದ್ದೂ ಇದನ್ನೇ. 1921ರಲ್ಲಿ ಅವರು ಇಂಗ್ಲೆಂಡಿನಿಂದ ನರ್ಕುಂಡ ಎಂಬ ಹಡಗಿನಲ್ಲಿ ಮರಳುತ್ತಿದ್ದರು. ಸಮುದ್ರದ ನೀಲಿ ಎಂದರೆ ಆಕಾಶದ ಪ್ರತಿಬಿಂಬ ಎಂದು ಆಗ ದೊಡ್ಡ ವಿಜ್ಞಾನಿಗಳೇ ಹೇಳುತ್ತಿದ್ದರು. ರಾಮನ್ ಅವರ ಬಳಿ ಒಂದು ನಿಕೋಲ್ ಪ್ರಿಸಂ ಇತ್ತು, ಅಂದರೆ ಆ ಕಾಲದ ಪೋಲರೈಸರ್. ಅದರ ಮೂಲಕ ನೋಡಿ ಆಕಾಶದ ಪ್ರತಿಬಿಂಬವನ್ನು ಅಳಿಸಿದರು. ನೀಲಿ ಮಾತ್ರ ಹೋಗಲಿಲ್ಲ! ಅದು ನೀರಿನ ಒಳಗಿನಿಂದಲೇ ಬರುತ್ತಿತ್ತು. ಈ ವಿಷಯ ತಿಳಿಸಿ ‘ನೇಚರ್’ ಪತ್ರಿಕೆಗೆ ಅವರು ಬರೆದ ಪತ್ರದಲ್ಲಿ ಸ್ಥಳ ಏನೆಂದಿದೆ ಗೊತ್ತಾ? ಬಾಂಬೆ ಬಂದರು. ನಾವು ಎಲಿಫೆಂಟಾಕ್ಕೆ ದಾಟುವುದೂ ಇದೇ ನೀರನ್ನು. ದೋಣಿಯಲ್ಲಿ ಕೂತು ಫಿಲ್ಟರ್ ತಿರುಗಿಸುವಾಗಲೆಲ್ಲ ನನಗೆ ಅವರ ನೆನಪಾಗುತ್ತದೆ.

ಪೋಲರೈಸರ್ ನೀಲಿ ಆಕಾಶಕ್ಕೆ ಮಾತ್ರ, ಮಳೆಗಾಲದಲ್ಲಿ ಯಾಕೆ ಎಂದು ಹಲವರು ಕೇಳುತ್ತಾರೆ. ನನಗೆ ಅದು ಅತಿ ಹೆಚ್ಚು ಬೇಕಾಗುವುದೇ ಮಳೆಗಾಲದಲ್ಲಿ. ಆಗಸ್ಟ್‌ನಲ್ಲಿ ಮಾಳ್ಶೇಜ್ ಘಾಟಿಗೆ ಹೋಗಿ. ಬೆಟ್ಟವೆಲ್ಲ ಹಸಿರು. ಆದರೆ ಒದ್ದೆ ಎಲೆಗಳ ಮೇಲೆ ಮೋಡದ ಬೂದು ಬೆಳಕು ಹೊಳೆದು, ಫೋಟೋದಲ್ಲಿ ಹಸಿರು ಸಪ್ಪೆಯಾಗುತ್ತದೆ. ಕರಿಬಂಡೆಯೂ ಬೆಳ್ಳಗೆ ಕಾಣುತ್ತದೆ. ಫಿಲ್ಟರ್ ತಿರುಗಿಸಿದರೆ ಎಲೆ ಎಲೆಯಾಗುತ್ತದೆ, ಬಂಡೆ ಬಂಡೆಯಾಗುತ್ತದೆ. ಇದನ್ನು ಆಮೇಲೆ ಕಂಪ್ಯೂಟರ್‌ನಲ್ಲಿ ಮಾಡಿಕೊಳ್ಳಬಹುದಲ್ವಾ ಅಂದರೆ, ಆಗುವುದಿಲ್ಲ. ಇದ್ದ ಬಣ್ಣವನ್ನು ಏರಿಸಬಹುದು. ಹೊಳಪು ಮುಚ್ಚಿಬಿಟ್ಟ ಬಣ್ಣ ಚಿತ್ರಕ್ಕೆ ಬಂದೇ ಇರುವುದಿಲ್ಲ. ಒಂದೇ ಫಿಲ್ಟರ್ ಸಾಕು ಅಂದದ್ದು ಇದಕ್ಕೇ.

ಕಾಮನಬಿಲ್ಲು ಕಂಡರೆ ಮಾತ್ರ ಜೋಪಾನ. ಉಂಗುರ ತಪ್ಪು ಕಡೆಗೆ ತಿರುಗಿದರೆ ಬಿಲ್ಲೇ ಮಾಯವಾಗುತ್ತದೆ. ಆಕಾಶ ಗಾಢವಾಗಬೇಕಾದರೆ ಸೂರ್ಯ ನಿಮ್ಮ ಭುಜದ ಕಡೆ ಇರಬೇಕು, ಎದುರಿಗೋ ಬೆನ್ನಿಗೋ ಇದ್ದರೆ ಪ್ರಯೋಜನ ಕಡಿಮೆ. ತುಂಬ ಅಗಲದ ನೋಟ ಹಿಡಿಯುವ ಲೆನ್ಸ್ ಆದರೆ ಆಕಾಶದ ಒಂದು ಭಾಗ ಮಾತ್ರ ಕಪ್ಪಾಗಿ ಕಲೆಯಂತೆ ಕಾಣುತ್ತದೆ. ಪೋಲರೈಸರ್ ಒಂದೂವರೆಯಿಂದ ಎರಡು ಸ್ಟಾಪ್ ಬೆಳಕನ್ನೂ ನುಂಗುತ್ತದೆ. ಒಂದು ಸ್ಟಾಪ್ ಅಂದರೆ ಬೆಳಕು ಅರ್ಧಕ್ಕೆ ಇಳಿದಂತೆ. ಆದ್ದರಿಂದ ಎಲಿಫೆಂಟಾದ ಗುಹೆಯೊಳಗೆ ಕಾಲಿಡುವ ಮೊದಲು ಬಿಚ್ಚಿಡಿ.

ಇನ್ನು ಸೆಟ್‌ನಲ್ಲಿದ್ದ ಉಳಿದೆರಡು. ಎಫ್‌ಎಲ್‌ಡಿ ಎಂಬುದು ಟ್ಯೂಬ್‌ಲೈಟಿನ ಹಸಿರು ಛಾಯೆ ತೆಗೆಯಲು ಫಿಲ್ಮ್ ಕಾಲದಲ್ಲಿ ಬಂದದ್ದು. ಈಗ ಆ ಕೆಲಸವನ್ನು ಕ್ಯಾಮೆರಾದ ಬಣ್ಣ ಸರಿಹೊಂದಿಸುವ ವೈಟ್ ಬ್ಯಾಲೆನ್ಸ್ ಮಾಡುತ್ತದೆ. ಯುವಿ ಫಿಲ್ಟರ್ ಕೂಡ ಫಿಲ್ಮ್ ಕಾಲದ್ದೇ. ಡಿಜಿಟಲ್ ಸೆನ್ಸರ್ ಮುಂದೆ ಅತಿನೇರಳೆ ಕಿರಣ ತಡೆಯುವ ಗಾಜು ಮೊದಲೇ ಇರುತ್ತದೆ. ಆದರೂ ಜುಲೈನಲ್ಲಿ ಮರೀನ್ ಡ್ರೈವ್‌ಗೆ ಹೋಗುವವರು ಅದನ್ನು ಹಾಕಿಕೊಳ್ಳಲಿ, ಉಪ್ಪು ನೀರು ಲೆನ್ಸ್ ಬದಲು ಅದರ ಮೇಲೆ ಬೀಳುತ್ತದೆ. ಉಪ್ಪು ಒಣಗಿದ ಮೇಲೆ ಒಣ ಬಟ್ಟೆಯಿಂದ ಉಜ್ಜಬೇಡಿ, ಗೀರು ಬೀಳುತ್ತದೆ. ಮೊದಲು ಶುದ್ಧ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ. ರಾತ್ರಿ ಹೊತ್ತು ಯುವಿಯನ್ನು ತೆಗೆದುಬಿಡಿ. ಒಮ್ಮೆ ಅಗ್ಗದ ಫಿಲ್ಟರ್ ಹಾಕಿಕೊಂಡೇ ಸಿಎಸ್‌ಎಂಟಿ ರೈಲು ನಿಲ್ದಾಣದ ಎದುರು ನಿಂತು ದೀಪಾಲಂಕಾರ ತೆಗೆದೆ. ಮನೆಗೆ ಬಂದು ನೋಡಿದರೆ ಕಪ್ಪು ಆಕಾಶದ ತುಂಬ ದೀಪಗಳ ತಲೆಕೆಳಗಾದ ಪ್ರತಿಬಿಂಬ. ಅಷ್ಟು ಹೊತ್ತು ನಿಂತು ತೆಗೆದ ಫೋಟೋಗಳೆಲ್ಲ ಹಾಳಾದವು. ಇವತ್ತಿಗೂ ಬೇಸರವಿದೆ.

ಬೆಳಕು ಕಡಿಮೆ ಮಾಡುವ ಎನ್‌ಡಿ ಫಿಲ್ಟರ್ ಬಗ್ಗೆಯೂ ಅವಳು ಕೇಳಿದಳು. ಹತ್ತು ಸ್ಟಾಪ್‌ನದು ಹಾಕಿದರೆ ಸೆಕೆಂಡಿನ 60ನೇ ಒಂದು ಭಾಗದಲ್ಲಿ ಮುಗಿಯುವ ಫೋಟೋಕ್ಕೆ ಸುಮಾರು 17 ಸೆಕೆಂಡ್ ಬೇಕು. ಜಲಪಾತ ಹಾಲಿನ ಹಾಗೆ ಬರುತ್ತದೆ, ನಿಜ. ಆದರೆ ಟ್ರೈಪಾಡ್ ಬೇಕು, ತಾಳ್ಮೆಯೂ ಬೇಕು. ರೈಲಿನಲ್ಲಿ ಹೋಗುವ ಹುಡುಗಿಗೆ ಈಗಲೇ ಬೇಡ.

ಕೊಳ್ಳುವಾಗ ಲೆನ್ಸ್‌ನ ಮುಂಭಾಗ ನೋಡಿ. ಅಡ್ಡಗೆರೆ ಎಳೆದ ಸೊನ್ನೆಯ ಪಕ್ಕ 52, 58, 67 ಹೀಗೆ ಒಂದು ಅಂಕಿ ಇರುತ್ತದೆ. ಅದೇ ಫಿಲ್ಟರಿನ ಅಳತೆ, ಮಿಲಿಮೀಟರ್‌ನಲ್ಲಿ. ಎರಡು ಮೂರು ಲೆನ್ಸ್ ಇದ್ದರೆ ದೊಡ್ಡದಕ್ಕೆ ಕೊಂಡು, ಚಿಕ್ಕವಕ್ಕೆ ಅಳತೆ ಹೊಂದಿಸುವ ಸ್ಟೆಪ್ ಅಪ್ ರಿಂಗ್ ಹಾಕಿಕೊಳ್ಳಿ. ರಿಂಗ್‌ಗೆ ಖರ್ಚು ಕಡಿಮೆ. ಫಿಲ್ಟರ್ ಬಿಗಿಯಾಗಿ ಸಿಕ್ಕಿಕೊಂಡರೆ ಬಲವಾಗಿ ಹಿಸುಕಬೇಡಿ, ಉಂಗುರ ಸೊಟ್ಟಗಾಗಿ ಇನ್ನೂ ಬಿಗಿಯುತ್ತದೆ. ಸುತ್ತ ಒಂದು ರಬ್ಬರ್ ಬ್ಯಾಂಡ್ ಹಾಕಿ, ಹಗುರವಾಗಿ ತಿರುಗಿಸಿ.

ಹಣ ಕೊಡುವ ಮೊದಲು ಅಂಗಡಿಯಲ್ಲೇ ಒಂದು ಪರೀಕ್ಷೆ ಮಾಡಿ. ಗಲ್ಲೆಯ ಮೇಲೆ ಕ್ಯಾಲ್ಕ್ಯುಲೇಟರ್ ಇದ್ದೇ ಇರುತ್ತದೆ. ಫಿಲ್ಟರಿನ ತಿರುಪು ಇರುವ ಬದಿ, ಅಂದರೆ ಲೆನ್ಸ್‌ಗೆ ಸೇರುವ ಬದಿ, ನಿಮ್ಮ ಕಣ್ಣಿನ ಕಡೆ ಇರಲಿ. ಅದರ ಮೂಲಕ ಕ್ಯಾಲ್ಕ್ಯುಲೇಟರಿನ ಪರದೆ ನೋಡುತ್ತಾ ತಿರುಗಿಸಿ. ಒಂದು ಕಡೆ ಬಂದಾಗ ಪರದೆ ಕಪ್ಪಾಗಿ ಅಂಕಿಗಳು ಮುಳುಗಬೇಕು. ಎಷ್ಟು ತಿರುಗಿಸಿದರೂ ಹಾಗೆಯೇ ಕಾಣುತ್ತಿದ್ದರೆ ಅದು ಪೋಲರೈಸರ್ ಅಲ್ಲ, ಸುಮ್ನೆ ಬಣ್ಣದ ಗಾಜು. ಅದನ್ನು ಅಲ್ಲೇ ಗಲ್ಲೆಯ ಮೇಲಿಟ್ಟು ಬನ್ನಿ.

ನಮಸ್ಕಾರ.