ಕಾರಿಗೂ ಒಂದು ಟಿಕೆಟ್

ಕೇಳುಗರೆಲ್ಲರಿಗೂ ನಮಸ್ಕಾರ.

ನಾನು ಸಾಗರದ ಕಡೆಯವನು. ಸಿಗಂದೂರಿಗೆ ಹೋಗುವಾಗ ಅಂಬಾರಗೋಡ್ಲಿನ ದಡದಲ್ಲಿ ಲಾಂಚಿಗೆ ಕಾದು ನಿಂತವರಿಗೆ ನನ್ನ ಇವತ್ತಿನ ಮಾತು ಅರ್ಧ ಆಗಲೇ ಗೊತ್ತು. ಬಸ್ಸು, ಜೀಪು, ಕಾರು, ಹರಕೆ ಹೊತ್ತ ಜನ, ಎಲ್ಲ ಒಂದೇ ಲಾಂಚಿನಲ್ಲಿ ಶರಾವತಿ ಹಿನ್ನೀರು ದಾಟಿ ಕಳಸವಳ್ಳಿ ಸೇರುತ್ತಿದ್ದೆವು. 2025ರ ಜುಲೈನಲ್ಲಿ ಅಲ್ಲಿ ಸೇತುವೆ ಶುರುವಾಯಿತು. ಊರಿನವರಿಗೆ ಒಳ್ಳೆಯದೇ ಆಯಿತು ಬಿಡಿ. ರಾತ್ರಿ ಹೊತ್ತು ಆಸ್ಪತ್ರೆಗೆ ಓಡಬೇಕಾದವರ ಕಷ್ಟ ದೂರದಲ್ಲಿ ಕೂತ ನನಗೇನು ಗೊತ್ತು?

ನಾನೀಗ ಇರುವುದು ಇಂಗ್ಲೆಂಡಿನಲ್ಲಿ. ಇಲ್ಲಿ ಬೇಸಿಗೆ ರಜೆ ಬಂತೆಂದರೆ ಜನ ತಮ್ಮ ಕಾರನ್ನೇ ಹಡಗಿಗೆ ಹತ್ತಿಸಿ ಪಕ್ಕದ ದೇಶ ಫ್ರಾನ್ಸಿಗೆ ಹೊರಡುತ್ತಾರೆ. ನಾವೂ ಹೋದೆವು. ಇಂಗ್ಲೆಂಡಿನ ಡೋವರಿನಿಂದ ಫ್ರಾನ್ಸಿನ ಕ್ಯಾಲೆಗೆ. ಆ ಕಡಲು ತೀರಾ ಕಿರಿದಾಗುವ ಕಡೆ ಬರೀ 33 ಕಿಲೋಮೀಟರ್. ಹಡಗಿಗೆ ಒಂದೂವರೆ ಗಂಟೆ. ಫ್ರಾನ್ಸಿನ ಗಡಿಯಾರ ಒಂದು ಗಂಟೆ ಮುಂದೆ. ಹಾಗಾಗಿ ಹತ್ತಕ್ಕೆ ಹೊರಟರೆ ಅಲ್ಲಿ ಇಳಿಯುವಾಗ ಹನ್ನೆರಡೂವರೆ.

ಕಡಲ ಅಡಿಯಲ್ಲಿ ಸುರಂಗವೂ ಇದೆ. 1994ರಲ್ಲಿ ತೆರೆದದ್ದು. ಕಾರನ್ನು ರೈಲಿನೊಳಗೆ ಓಡಿಸಿ ನಿಲ್ಲಿಸಿದರೆ 35 ನಿಮಿಷದಲ್ಲಿ ಆಚೆ ದಡ. ನನಗೇನೋ ಅದು ಲಿಫ್ಟಿನಲ್ಲಿ ಹೋದ ಹಾಗೆ. ಹೊತ್ತು ಉಳಿಯುತ್ತದೆ, ಆದರೆ ಕಡಲೇ ಕಾಣುವುದಿಲ್ಲ. ಹಡಗಿನಲ್ಲಾದರೆ ಡೋವರಿನ ಬಿಳಿ ಸುಣ್ಣಕಲ್ಲಿನ ಗುಡ್ಡಗಳು ಹಿಂದೆ ಹಿಂದೆ ಸರಿಯುವುದನ್ನು ಗಾಳಿಗೆ ಮುಖ ಕೊಟ್ಟು ನೋಡಬಹುದು.

ಹೊರಡುವ ಮೊದಲು ತಯಾರಿ ಜಾಸ್ತಿ. ನಮ್ಮದು ಭಾರತದ ಪಾಸ್‌ಪೋರ್ಟ್. ಇಂಗ್ಲೆಂಡಿನಲ್ಲಿ ಇರಲು ಅನುಮತಿ ಇದ್ದ ಮಾತ್ರಕ್ಕೆ ಫ್ರಾನ್ಸ್ ಬಿಟ್ಟುಕೊಳ್ಳುವುದಿಲ್ಲ, ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ಸಲ್ಲುವ ಷೆಂಗೆನ್ ವೀಸಾ ಬೇಕೇ ಬೇಕು. ಅದಾದ ಮೇಲೆ ಕಾರಿನ ಸರದಿ. ನೋಂದಣಿ ಪತ್ರ, ವಿಮೆ, ಹಿಂದೆ ಅಂಟಿಸಲು ‘ಯುಕೆ’ ಅಂತ ಬರೆದ ಸ್ಟಿಕ್ಕರ್. ಫ್ರಾನ್ಸಿನಲ್ಲಿ ಕೆಂಪು ತ್ರಿಕೋನ ಮತ್ತು ಮಿನುಗುವ ಜಾಕೆಟ್ ಕಾರಿನಲ್ಲಿ ಇರಲೇಬೇಕು. ದಾರಿಯಲ್ಲಿ ಕೆಟ್ಟು ನಿಂತರೆ ಜಾಕೆಟ್ ಹಾಕಿಕೊಂಡೇ ಇಳಿಯಬೇಕು, ಹಾಗಾಗಿ ಅದು ಡಿಕ್ಕಿಯಲ್ಲಲ್ಲ, ಕೈಗೆ ಸಿಗುವಲ್ಲಿ ಇರಬೇಕು. ಹೆಡ್‌ಲೈಟಿಗೂ ಒಂದು ಪಟ್ಟಿ ಅಂಟಿಸುತ್ತಾರೆ. ಎಡಗಡೆ ಓಡಾಡುವ ಕಾರಿನ ಡಿಪ್ ಬೆಳಕು ಎಡ ಅಂಚಿನ ಕಡೆ ಚೆಲ್ಲುತ್ತದೆ. ಬಲಗಡೆ ಓಡಾಡುವ ಫ್ರಾನ್ಸಿನಲ್ಲಿ ಅದೇ ಬೆಳಕು ಎದುರಿನವನ ಕಣ್ಣಿಗೆ ಹೊಡೆಯುತ್ತದೆ.

ಇನ್ನು ಬುತ್ತಿ. ಕಾರಿನಲ್ಲಿ ಹೋಗುವ ಸುಖವೇ ಅದಲ್ವಾ? ವಿಮಾನದ ಹಾಗೆ ತೂಕದ ತಕರಾರಿಲ್ಲ. ಕುಕ್ಕರ್, ಅಕ್ಕಿ, ಸಾರಿನ ಪುಡಿ, ಚಟ್ನಿಪುಡಿ, ಮಿಡಿ ಉಪ್ಪಿನಕಾಯಿ, ಎಲ್ಲ ಹತ್ತಿತು. ತುಪ್ಪದ ಡಬ್ಬಿ ಮಾತ್ರ ಮನೆಯಲ್ಲೇ ಉಳಿಯಿತು. ಬ್ರಿಟನ್ ಯುರೋಪಿನ ಒಕ್ಕೂಟ ಬಿಟ್ಟ ಮೇಲೆ ಇಲ್ಲಿಂದ ಹಾಲಿನ ಪದಾರ್ಥವನ್ನಾಗಲಿ ಮಾಂಸವನ್ನಾಗಲಿ ಆಚೆಗೆ ಒಯ್ಯುವ ಹಾಗಿಲ್ಲ. ದಾರಿಗೆಂದು ಕಲಸಿದ್ದ ಮೊಸರನ್ನವನ್ನು ಡೋವರಿನ ಸಾಲಿನಲ್ಲೇ ಮುಗಿಸಿದೆವು.

ಸಾಲು ಅಂದೆನಲ್ಲ, ಅದು ಸಣ್ಣ ಸಾಲಲ್ಲ. ಫ್ರಾನ್ಸಿನ ಪೊಲೀಸರು ಡೋವರಿನಲ್ಲೇ ಕೂತು ಪಾಸ್‌ಪೋರ್ಟ್ ನೋಡುತ್ತಾರೆ. ಆಚೆ ದಡದಲ್ಲಿ ನೋಡಬೇಕಾದ್ದನ್ನು ಈಚೆಯೇ ಮುಗಿಸುವುದರಿಂದ ರಜೆಯ ದಿನ ಕಾರುಗಳು ಈ ಬಾಗಿಲಲ್ಲೇ ಕಟ್ಟಿಕೊಳ್ಳುತ್ತವೆ. ಗಂಟೆಗಟ್ಟಲೆ ಕಾಯುವುದು ಇದ್ದದ್ದೇ. ನಾನೇನೂ ಬೇಜಾರು ಮಾಡಿಕೊಳ್ಳಲಿಲ್ಲ. ಅಂಬಾರಗೋಡ್ಲಿನ ದಡದಲ್ಲಿ ಕಾದು ಅಭ್ಯಾಸ ಇತ್ತು.

ಆಮೇಲೆ ಕಿತ್ತಳೆ ಬಣ್ಣದ ಜಾಕೆಟಿನವನೊಬ್ಬ ಕೈ ಬೀಸುತ್ತಾನೆ. ನಮ್ಮ ಲಾಂಚಿನವರು ‘ಬರ್ಲಿ, ಬರ್ಲಿ, ಸಾಕು’ ಅನ್ನುತ್ತಿದ್ದರಲ್ಲ, ಅದೇ ಕೈ, ಮಾತಿಲ್ಲ ಅಷ್ಟೇ. ಹಡಗಿನ ಹೊಟ್ಟೆ ಬಾಯಿ ತೆರೆದಿರುತ್ತದೆ. ಒಂದು ತುದಿಯಲ್ಲಿ ಒಳಗೆ ಹೋಗಿ, ಮುಂದಿನವನ ಬಂಪರಿಗೆ ಅಂಟಿದ ಹಾಗೆ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಗೇರಿನಲ್ಲಿ ಬಿಟ್ಟು ಮೇಲೆ ಹತ್ತಬೇಕು. ಇಳಿಯುವಾಗ ಇನ್ನೊಂದು ತುದಿಯ ಬಾಗಿಲು. ರಿವರ್ಸ್ ಹೊಡೆಯುವ ಕಷ್ಟವೇ ಇಲ್ಲ.

ಮೊದಲು ಹೀಗಿರಲಿಲ್ಲ. ಕಾರನ್ನು ಕ್ರೇನಿನಲ್ಲಿ ಎತ್ತಿ ಹಡಗಿಗೆ ಇಳಿಸುತ್ತಿದ್ದರು. ಆಗ ಹಡಗು ಓಡಿಸುತ್ತಿದ್ದ ರೈಲ್ವೆ ಕಂಪನಿ ಇದಕ್ಕೆ ತೆಗೆದುಕೊಳ್ಳುತ್ತಿದ್ದ ದುಡ್ಡು ಜಾಸ್ತಿಯಾಯಿತು ಅಂತ ಕ್ಯಾಪ್ಟನ್ ಟೌನ್‌ಸೆಂಡ್ ಅನ್ನುವವರು 1928ರಲ್ಲಿ ಕಲ್ಲಿದ್ದಲು ಹೊರುವ ಹಡಗೊಂದನ್ನು ಬಾಡಿಗೆಗೆ ಹಿಡಿದು ಕಡಿಮೆ ದರದಲ್ಲಿ ಕಾರು ಸಾಗಿಸಿದರು. ಒಂದು ತಿಂಗಳ ಮಟ್ಟಿಗೆ ಅಂದುಕೊಂಡಿದ್ದರು. ಅದು ಬೆಳೆದು ದೊಡ್ಡ ಕಂಪನಿಯೇ ಆಯಿತು.

ಅದೇ ಟೌನ್‌ಸೆಂಡ್ ಹೆಸರಿನ ಕಂಪನಿಯ ಹಡಗು 1987ರ ಮಾರ್ಚ್ 6ರಂದು ಬೆಲ್ಜಿಯಂನ ಝೀಬ್ರುಗ್ ಬಂದರು ಬಿಟ್ಟಿತು. ಮುಂದಿನ ಬಾಗಿಲು ಹಾಕಿರಲಿಲ್ಲ. ಹಾಕಬೇಕಾದವನಿಗೆ ನಿದ್ದೆ ಹತ್ತಿತ್ತು. ಹಾಕಿದ್ದಾರೋ ಇಲ್ಲವೋ ಅಂತ ಮೇಲಿದ್ದ ಕ್ಯಾಪ್ಟನ್ನಿಗೆ ತಿಳಿಯುವ ದೀಪವೂ ಇರಲಿಲ್ಲ. ತೆರೆದ ಬಾಗಿಲಿನಿಂದ ನೀರು ಒಳಗೆ ನುಗ್ಗಿತು. ಅಗಲದ ತಟ್ಟೆಯಲ್ಲಿ ನೀರು ಹಿಡಿದು ನಡೆದು ನೋಡಿ. ಸ್ವಲ್ಪ ಓರೆಯಾದರೆ ಸಾಕು, ನೀರೆಲ್ಲ ಆ ಕಡೆಗೇ ಓಡಿ ಇನ್ನೂ ಓರೆ ಮಾಡುತ್ತದೆ. ಕಾರು ನಿಲ್ಲಿಸುವ ಡೆಕ್ಕು ಅಂಥದೇ, ನಡುವೆ ಗೋಡೆಯಿಲ್ಲ. ಹಡಗು ಒಂದೆರಡು ನಿಮಿಷದಲ್ಲಿ ಮಗುಚಿತು. 193 ಜನ ಹೋದರು. ಮೇಲೆ ಚಹಾ ಕುಡಿಯುತ್ತಾ ಕೂತವನಿಗೆ ಇದು ನೆನಪಾಗದೆ ಇರುವುದಿಲ್ಲ. ಆಮೇಲೆ ನಿಯಮಗಳು ಬಿಗಿಯಾದವು, ಬಾಗಿಲು ಮುಚ್ಚಿದ್ದನ್ನು ತೋರಿಸುವ ದೀಪವೂ ಬಂತು.

ಹಡಗು ಹೊರಟ ಮೇಲೆ ಕಾರಿನ ಹತ್ತಿರ ಯಾರನ್ನೂ ಬಿಡುವುದಿಲ್ಲ. ನಾನು ಅಲಾರಂ ಆಫ್ ಮಾಡುವುದನ್ನು ಮರೆತಿದ್ದೆ. ಹಡಗು ತೂಗಿದಾಗೆಲ್ಲ ನಮ್ಮ ಕಾರು ಕೆಳಗೆ ಅರಚಿಕೊಂಡಿದೆ. ಕ್ಯಾಲೆಯಲ್ಲಿ ಇಳಿದು ಬಂದಾಗಲೂ ನಿಂತಿರಲಿಲ್ಲ. ಅಕ್ಕಪಕ್ಕದ ಕಾರಿನವರು ನೋಡಿದ ನೋಟ ಇನ್ನೂ ಮರೆತಿಲ್ಲ.

ಬಾಗಿಲು ತೆರೆದು ಬೆಳಕು ಬಿತ್ತು. ದಾರಿ ಶುರುವಾದದ್ದೇ ಹೆಂಡತಿ, ‘ರೀ, ಬಲಕ್ಕೆ! ಬಲಕ್ಕೆ!’ ಹೆದ್ದಾರಿಯಲ್ಲಿ ಏನೂ ಕಷ್ಟವಿಲ್ಲ, ಮುಂದಿನವನ ಹಿಂದೆ ಹೋದರಾಯಿತು. ಅಭ್ಯಾಸ ಮೋಸ ಮಾಡುವುದು ಬೆಳಿಗ್ಗೆ, ಖಾಲಿ ರಸ್ತೆಗೆ ಪೆಟ್ರೋಲ್ ಬಂಕಿನಿಂದ ಹೊರಬೀಳುವಾಗ. ಟೋಲಿನ ಕಿಟಕಿಯೂ ಎಡಗಡೆಗೇ. ಚೀಟಿ ತೆಗೆಯುವುದು, ದುಡ್ಡು ಕಟ್ಟುವುದು ಎಲ್ಲ ಎಡಗಡೆ ಕೂತ ಅವಳ ಪಾಲು. ‘ನೀವು ಓಡಿಸಿ, ನಾನು ದುಡ್ಡು ಸುರಿಯುತ್ತೇನೆ’ ಅಂದಳು.

ನಮ್ಮ ಕಡೆ ಇಂಥ ಹಡಗು ಯಾಕಿಲ್ಲ ಅಂತ ಮಗ ಕೇಳಿದ. 2023ರ ಅಕ್ಟೋಬರಿನಲ್ಲಿ ನಾಗಪಟ್ಟಣದಿಂದ ಶ್ರೀಲಂಕಾದ ಕಂಕೇಸಂತುರೈಗೆ ಹಡಗು ಶುರುವಾಗಿದೆ ಕಣೋ, ಆದರೆ ಅದು ಜನರಿಗೆ ಮಾತ್ರ, ಕಾರಿಗಲ್ಲ ಅಂದೆ.

ವಾಪಸು ಬರುವಾಗ ಒಂದು ಗುಂಡು ಚೀಸ್ ಉಳಿದಿತ್ತು. ಇಂಗ್ಲೆಂಡಿಗೆ ತರೋಣ ಅಂದರೆ ಆಗಲಿಲ್ಲ. ಯುರೋಪಿನಲ್ಲಿ ದನಗಳಿಗೆ ಕಾಲುಬಾಯಿ ರೋಗ ಬಂದದ್ದರಿಂದ 2025ರ ಏಪ್ರಿಲ್‌ನಿಂದ ಬ್ರಿಟನ್ನೂ ಹಾಲು, ಮಾಂಸದ ಪದಾರ್ಥ ತರಬೇಡಿ ಅಂದಿತ್ತು. ಕೊಟ್ಟಿಗೆ ಮನೆಯಲ್ಲಿ ಬೆಳೆದವನಿಗೆ ಆ ರೋಗದ ಭಯ ಗೊತ್ತು, ನಾನು ಎದುರು ಮಾತಾಡಲಿಲ್ಲ. ಕ್ಯಾಲೆಯ ಸಾಲಿನಲ್ಲಿ ಕಾರು ನಿಲ್ಲಿಸಿ, ಬ್ರೆಡ್ಡಿನ ಮೇಲೆ ಚೀಸ್ ಇಟ್ಟು, ಮೇಲೆ ಚಟ್ನಿಪುಡಿ ಉದುರಿಸಿ ನಾಲ್ಕೂ ಜನ ಕೂತು ಮುಗಿಸಿದೆವು.

ನಮಸ್ಕಾರ.