ಸ್ಕ್ರೀನ್ ಮೇಲೆ ಈಗ ಏನು ಕಾಣ್ಬೇಕು?

ಕೇಳುಗರೆಲ್ಲರಿಗೂ ನಮಸ್ಕಾರ. ಪೈಥಾನೋ, ಗಿಟ್ಟೋ, ಜಾಂಗೋನೋ, ಯಾವುದೋ ಒಂದು ಸಾಫ್ಟ್‌ವೇರ್ ತಮಗೆ ಚೆನ್ನಾಗಿ ಬರತ್ತೆ, ಅದನ್ನ ಹೊಸಬರಿಗೂ ಹೇಳ್ಕೊಡೋಣ ಅಂತ ರಾತ್ರಿ ಕೂತು ಟ್ಯುಟೋರಿಯಲ್ ಬರೆಯೋ ಜನ ನಮ್ಮಲ್ಲಿ ಇದಾರೆ, ಕಾಸಿನ ಆಸೆ ಇಲ್ದೆ ಬರೀತಾರೆ, ಅವರ ಬಗ್ಗೆ ನಂಗೆ ಗೌರವ ಇದೆ. ಆದ್ರೂ ಇವತ್ತು ಒಂದು ತಕರಾರು ಎತ್ಕೊಂಡೇ ಬಂದಿದೀನಿ. ಹೆಚ್ಚಿನ ಟ್ಯುಟೋರಿಯಲ್‌ಗಳು ಇದನ್ನ ಟೈಪ್ ಮಾಡಿ, ಆಮೇಲೆ ಇದನ್ನ ಟೈಪ್ ಮಾಡಿ, ಆಮೇಲೆ ಎಂಟರ್ ಹೊಡೀರಿ ಅಂತ ಹೇಳ್ತಾ ಹೋಗ್ತವೆ, ಹೊಡೆದ ಮೇಲೆ ಸ್ಕ್ರೀನ್ ಮೇಲೆ ಏನು ಕಾಣ್ಬೇಕು ಅನ್ನೋದನ್ನ ಮಾತ್ರ ಹೇಳಲ್ಲ. ಹಳ್ಳಿ ಕಡೆ ದಾರಿ ಕೇಳಿದ್ರೆ ನೋಡಿ, "ಹಿಂಗೇ ಹೋಗಿ, ಎಡಗಡೆ ಒಂದು ಅರಳಿಕಟ್ಟೆ ಸಿಗತ್ತೆ, ಅದು ಬಿಟ್ಟು ಕೆರೆ ಏರಿ ಕಂಡ್ರೆ ಜಾಸ್ತಿ ಮುಂದೆ ಬಂದಿದೀರ ಅಂತ, ವಾಪಸ್ ತಿರುಗಿ" ಅಂತಾರೆ. ಆ ಅರಳಿಕಟ್ಟೆ, ಆ ಕೆರೆ ಏರಿ, ಎರಡೂ ನಮ್ಮ ಟ್ಯುಟೋರಿಯಲ್‌ಗಳಲ್ಲಿ ಇರಲ್ಲ.

ಪ್ರೋಗ್ರಾಮಿಂಗ್ ಕಲಿಯೋರೆಲ್ಲ ಮೊದಲು ಬರೆಯೋದು ಸ್ಕ್ರೀನ್ ಮೇಲೆ ಆ ಎರಡು ಪದ ತೋರಿಸೋ ಹಲೋ ವರ್ಲ್ಡ್ ಪ್ರೋಗ್ರಾಂ ತಾನೇ. 1974ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸಲ್ಲಿ ಬ್ರಯನ್ ಕರ್ನಿಹನ್ ಸಿ ಭಾಷೆಗೆ ಬರೆದ ಟ್ಯುಟೋರಿಯಲಲ್ಲಿ ಅದು ಇತ್ತು, 1978ರಲ್ಲಿ ಡೆನ್ನಿಸ್ ರಿಚಿ ಜೊತೆ ಸೇರಿ ಬರೆದ ಸಿ ಪುಸ್ತಕದಿಂದ ಊರೆಲ್ಲಾ ಹರಡ್ತು. ಎಲ್ರೂ ಆ ಪ್ರೋಗ್ರಾಮನ್ನ ಕಾಪಿ ಹೊಡೆದ್ರು, ಅದರ ಪಕ್ಕದಲ್ಲೇ ಅವರು ಬರೆದಿದ್ದ ಮಾತನ್ನ ಮರೆತ್ರು. ಅವರು ಹೇಳಿದ್ದು ಏನು ಅಂದ್ರೆ, ಕಷ್ಟ ಇರೋದು ಆ ಒಂದು ಸಾಲಲ್ಲಿ ಅಲ್ವೇ ಅಲ್ಲ, ಪ್ರೋಗ್ರಾಮನ್ನ ಎಲ್ಲಿ ಬರೀಬೇಕು, ಹೇಗೆ ಕಂಪೈಲ್ ಮಾಡ್ಬೇಕು, ಹೇಗೆ ಓಡಿಸ್ಬೇಕು, ಓಡಿಸಿದ ಮೇಲೆ ಬಂದ ಔಟ್‌ಪುಟ್ ಎಲ್ಲಿ ಹೋಯ್ತು ಅಂತ ಹುಡುಕ್ಬೇಕು, ಇಷ್ಟನ್ನ ದಾಟಿದ್ರೆ ಮಿಕ್ಕಿದ್ದು ಅದಕ್ಕಿಂತ ಸಲೀಸು ಅಂತ. ಔಟ್‌ಪುಟ್ ಎಲ್ಲಿ ಹೋಯ್ತು ಅಂತ ಹುಡುಕೋದು, ಇದು ಕಲಿಯೋನ ಮೊದಲ ಕೆಲಸ ಅಂತ ಆ ಕಾಲಕ್ಕೇ ಗೊತ್ತಿತ್ತು ರೀ.

ಈಗ ನಮ್ಮ ಕಾಲದ್ದು ತಗೊಳ್ಳೋಣ. ಡಿಪ್ಲೊಮಾ ಓದೋ ಒಬ್ಬ ಹುಡುಗಿ, ವಿಂಡೋಸ್ ಲ್ಯಾಪ್‌ಟಾಪು, ಪೈಥಾನ್ ಕಲಿಯೋಣ ಅಂತ ಹೊರಟಿದಾಳೆ ಅಂದ್ಕೊಳ್ಳಿ. ಟ್ಯುಟೋರಿಯಲಲ್ಲಿ ಒಂದೇ ಸಾಲು, "ಪೈಥಾನ್ ಇನ್‌ಸ್ಟಾಲ್ ಮಾಡ್ಕೊಳ್ಳಿ". ಬಹಳ ವರ್ಷದಿಂದ ಬಳಕೆಯಲ್ಲಿರೋ ಆ ಇನ್‌ಸ್ಟಾಲರ್ ಮೊದಲ ಸ್ಕ್ರೀನಲ್ಲೇ ಕೆಳಗಡೆ ಪೈಥಾನನ್ನ ಪಾಥ್‌ಗೆ, ಅಂದ್ರೆ ಕಮಾಂಡ್ ಹೊಡೆದಾಗ ವಿಂಡೋಸ್ ಪ್ರೋಗ್ರಾಂ ಹುಡುಕೋ ಜಾಗಗಳ ಪಟ್ಟಿಗೆ, ಸೇರಿಸ್ಲಾ ಅಂತ ಒಂದು ಚೆಕ್‌ಬಾಕ್ಸ್ ಇರತ್ತೆ, ಅದಕ್ಕೆ ಟಿಕ್ ಹಾಕಿರಲ್ಲ, ನಾವೇ ಹಾಕ್ಬೇಕು, ಅವಳು ಅದನ್ನ ಗಮನಿಸಲ್ಲ, ಯಾರು ಗಮನಿಸ್ತಾರೆ, ನೆಕ್ಸ್ಟ್ ನೆಕ್ಸ್ಟ್ ಹೊಡ್ಕೊಂಡು ಹೋಗೋದು ತಾನೇ ನಮ್ಮೆಲ್ಲರ ಅಭ್ಯಾಸ. ಆಮೇಲೆ ಕಮಾಂಡ್ ಪ್ರಾಂಪ್ಟಲ್ಲಿ, ಅಂದ್ರೆ ವಿಂಡೋಸಿಗೆ ಕಮಾಂಡ್ ಟೈಪ್ ಮಾಡೋ ಕಿಟಕೀಲಿ, ಪೈಥಾನ್ ಅಂತ ಹೊಡೆದ್ರೆ ಮೈಕ್ರೋಸಾಫ್ಟ್ ಸ್ಟೋರ್ ತೆರ್ಕೊಂಡು ಕೂತಿರತ್ತೆ. ಇಷ್ಟರಲ್ಲೇ ಅವಳಿಗೆ ಇದು ನಂಗಲ್ಲಪ್ಪ ಅನ್ಸಿರತ್ತೆ. ಟ್ಯುಟೋರಿಯಲ್ ಬರೆದೋನು ಅಲ್ಲಿ ಎರಡು ಸಾಲು ಜಾಸ್ತಿ ಬರೆದಿದ್ರೆ ಸಾಕಿತ್ತು, "ಈಗ ಪೈಥಾನ್ ಅಂತ ಟೈಪ್ ಮಾಡಿದ್ರೆ ವರ್ಶನ್ ನಂಬರ್ ಬಂದು ಕೆಳಗಡೆ ಮೂರು ಗ್ರೇಟರ್‌ದ್ಯಾನ್ ಗುರುತು ಕಾಣ್ಬೇಕು, ಅದರ ಬದಲು ಸ್ಟೋರ್ ತೆರ್ಕೊಂಡ್ರೆ ಇನ್‌ಸ್ಟಾಲರ್ ಮತ್ತೆ ಓಡಿಸಿ, ಮಾಡಿಫೈ ಒತ್ತಿ, ಮುಂದೆ ಸಿಗೋ ಎನ್ವಿರಾನ್‌ಮೆಂಟ್ ವೇರಿಯಬಲ್ಸಿಗೆ ಸೇರಿಸೋ ಟಿಕ್ ಹಾಕಿ" ಅಂತ.

ಆ ಮೂರು ಗುರುತಿಗೆ ಬಂದ್ವಲ್ಲ, ಅಲ್ಲೂ ಒಂದು ಗುಂಡಿ ಇದೆ. ಅದು ಪೈಥಾನಿನ ಒಳಗಡೆ ಇದೀರ ಅಂತ ಹೇಳೋ ಪ್ರಾಂಪ್ಟು. ಟ್ಯುಟೋರಿಯಲಲ್ಲಿ ಮುಂದಿನ ಸಾಲು "ಪೈಥಾನ್ ಸ್ಪೇಸ್ ಹಲೋ ಡಾಟ್ ಪಿವೈ ಅಂತ ಓಡಿಸಿ" ಅಂತ ಇರತ್ತೆ, ಅದನ್ನ ಓಡಿಸ್ಬೇಕಾಗಿರೋದು ಹೊರಗಡೆ, ಕಮಾಂಡ್ ಪ್ರಾಂಪ್ಟಲ್ಲಿ, ಅವಳು ಇರೋದು ಒಳಗಡೆ, ಹೊಡೆದ ತಕ್ಷಣ ಸಿಂಟ್ಯಾಕ್ಸ್ ಎರರ್. ಸ್ಪೆಲಿಂಗ್ ತಪ್ಪಾಯ್ತೇನೋ ಅಂತ ಅದನ್ನೇ ಮತ್ತೆ ಮತ್ತೆ ಟೈಪ್ ಮಾಡ್ತಾ ಕೂರ್ತಾಳೆ. ಇನ್ನು ನೋಟ್‌ಪ್ಯಾಡಲ್ಲಿ ಸೇವ್ ಮಾಡಿದ ಫೈಲು ಎಷ್ಟೋ ಸಲ ಹಲೋ ಡಾಟ್ ಪಿವೈ ಡಾಟ್ ಟಿಎಕ್ಸ್‌ಟಿ ಆಗಿರತ್ತೆ, ವಿಂಡೋಸ್ ಆ ಕೊನೆ ಬಾಲವನ್ನ ಮುಚ್ಚಿಟ್ಟಿರತ್ತೆ. ಟ್ಯುಟೋರಿಯಲ್ಲಿಂದ ಕಾಪಿ ಮಾಡಿದ ಕೋಡಲ್ಲಿ ಉದ್ಧರಣ ಚಿಹ್ನೆಗಳು ವರ್ಡ್ ಪ್ರೊಸೆಸರ್ ಕೃಪೆಯಿಂದ ಸುರುಳಿ ಸುತ್ಕೊಂಡಿರ್ತವೆ, ಪೈಥಾನ್ ಅದನ್ನ ಒಪ್ಪಲ್ಲ, ಇನ್‌ವ್ಯಾಲಿಡ್ ಕ್ಯಾರೆಕ್ಟರ್ ಅನ್ನತ್ತೆ. ಲಿನಕ್ಸಲ್ಲಿ ಅಡ್ಮಿನ್ ಅಧಿಕಾರದಲ್ಲಿ ಕೆಲಸ ಮಾಡಿಸೋ ಸುಡೋ ಕಮಾಂಡ್ ಕೊಟ್ರೆ ಎಷ್ಟೋ ಕಡೆ ಪಾಸ್‌ವರ್ಡ್ ಟೈಪ್ ಮಾಡುವಾಗ ಒಂದು ಚುಕ್ಕಿನೂ ಕಾಣಲ್ಲ, ಕೀಬೋರ್ಡ್ ಕೆಟ್ಟಿದೆ ಅಂತ ಅಂದ್ಕೊಂಡೋರು ಎಷ್ಟು ಜನ ಇರ್ಬಹುದು! ಇವು ಯಾವುದೂ ಪ್ರೋಗ್ರಾಮಿಂಗ್ ಅಲ್ಲ, ಆದ್ರೆ ಪ್ರೋಗ್ರಾಮಿಂಗ್ ಬಿಟ್ಟು ಹೋಗೋರು ಬಿಟ್ಟು ಹೋಗೋದು ಇಲ್ಲೇ.

ಹೊಸಬರಿಗೆ ಮಾತ್ರ ಹಿಂಗಾಗತ್ತೆ ಅಂತಾನೂ ಇಲ್ಲ. ಗಿಟ್ ಅಂದ್ರೆ ಕೋಡಲ್ಲಿ ಆದ ಬದಲಾವಣೆಗಳನ್ನ ದಾಖಲಿಸಿಡೋ ಸಾಧನ, ಅದರಲ್ಲಿ ಗಿಟ್ ಕಮಿಟ್ ಅಂತ ಮೆಸೇಜ್ ಕೊಡ್ದೆ ಹೊಡೆದ್ರೆ, ಸೆಟ್ಟಿಂಗ್ ಬದಲಾಯಿಸಿರ್ಲಿಲ್ಲ ಅಂದ್ರೆ ಎಷ್ಟೋ ಕಡೆ ವಿಮ್ ಅನ್ನೋ ಎಡಿಟರ್ ತೆರ್ಕೊಳ್ಳತ್ತೆ, ಅದರಿಂದ ಹೊರಗೆ ಬರೋದು ಹೇಗೆ ಅಂತ ಯಾರಿಗೂ ಹೊಳೆಯಲ್ಲ. ಪ್ರೋಗ್ರಾಮರ್‌ಗಳ ಪ್ರಶ್ನೋತ್ತರ ತಾಣ ಸ್ಟ್ಯಾಕ್ ಓವರ್‌ಫ್ಲೋದಲ್ಲಿ ವಿಮ್‌ನಿಂದ ಹೊರಬರೋದು ಹೇಗೆ ಅನ್ನೋ ಒಂದು ಪ್ರಶ್ನೆಯನ್ನ 2017ರ ಹೊತ್ತಿಗೆ 10 ಲಕ್ಷಕ್ಕಿಂತ ಹೆಚ್ಚು ಸಲ ಜನ ನೋಡಿದ್ರು, ಆ ತಾಣದೋರೇ ಅದನ್ನ ತಮಾಷೆಯಾಗಿ ಬರ್ಕೊಂಡಿದ್ರು. ಗಿಟ್ ಟ್ಯುಟೋರಿಯಲ್ ಬರೆಯೋರು ಒಂದು ಸಾಲು, ಎಸ್ಕೇಪ್ ಒತ್ತಿ, ಕೋಲನ್, ಕ್ಯೂ, ಆಶ್ಚರ್ಯಸೂಚಕ, ಎಂಟರ್, ಅಷ್ಟು ಬರೆದ್ರೆ ಪುಣ್ಯ ಬರತ್ತೆ.

ಸರಿಯಾಗಿ ಮಾಡಿರೋರ ಉದಾಹರಣೆ ಬೇಕು ಅಂದ್ರೆ ಜಾಂಗೋದ ಅಧಿಕೃತ ಟ್ಯುಟೋರಿಯಲ್ ನೋಡಿ. ವೆಬ್‌ಸೈಟ್ ಕಟ್ಟೋಕೆ ಪೈಥಾನಲ್ಲಿ ಇರೋ ಒಂದು ಸಾಧನ ಅದು. ಪೋಲ್ಸ್ ಅಂತ ಒಂದು ಚಿಕ್ಕ ಮತದಾನದ ಆ್ಯಪ್ ಕಟ್ಟಿಸ್ತಾ ಹೋಗ್ತಾರೆ. ಶುರುನಲ್ಲೇ ನಿಮ್ಮ ಹತ್ರ ಇರೋ ವರ್ಶನ್ ಯಾವುದು ಅಂತ ಚೆಕ್ ಮಾಡಿಸ್ತಾರೆ, ಈ ಟ್ಯುಟೋರಿಯಲ್ ಯಾವ ವರ್ಶನ್ನಿಗೆ ಬರೆದಿದ್ದು, ನಿಮ್ಮದು ಬೇರೆ ಆದ್ರೆ ಎಲ್ಲಿಗೆ ಹೋಗ್ಬೇಕು ಅಂತಾನೂ ಹೇಳ್ತಾರೆ. ಸರ್ವರ್ ಶುರು ಮಾಡಿದ್ರೆ ಟರ್ಮಿನಲಲ್ಲಿ ಬರೋ ಸಾಲುಗಳನ್ನ ಹಂಗಂಗೇ ತೋರಿಸ್ತಾರೆ. ಬ್ರೌಸರಲ್ಲಿ ತೆಗೆದ್ರೆ ರಾಕೆಟ್ ಹಾರೋ ಒಂದು ಚಿತ್ರ ಬಂದು, ಇನ್‌ಸ್ಟಾಲ್ ಸರಿಯಾಗಿ ಆಗಿದೆ, ಅಭಿನಂದನೆ ಅಂತ ಕಾಣತ್ತೆ. ಆ ಪುಟಕ್ಕೆ ಬೇರೆ ಕೆಲಸಾನೇ ಇಲ್ಲ, ಕಲಿಯೋನಿಗೆ ನೀನು ಸರಿ ದಾರೀಲಿ ಇದೀಯ ಅಂತ ಹೇಳೋಕೇ ಯಾರೋ ಕೂತು ಕೋಡ್ ಬರೆದಿದಾರೆ. ಅಷ್ಟು ಶ್ರದ್ಧೆ ಬೇಕು.

ಇನ್ನೊಂದು ರೋಗ ಇದೆ ನಮಗೆ, ವಿವರಿಸೋ ರೋಗ. ಪ್ರಿಂಟ್ ಅಂತ ಬರೆಸೋ ಮೊದಲೇ ಇಂಟರ್‌ಪ್ರಿಟರ್ ಅಂದ್ರೇನು, ಕಂಪೈಲರ್ ಅಂದ್ರೇನು, ಪೈಥಾನ್ ಯಾರು ಯಾವಾಗ ಕಂಡುಹಿಡಿದ್ರು, ಹೀಗೆ ಪೀಠಿಕೆ ಮೇಲೆ ಪೀಠಿಕೆ. ಈ ಜಾಂಗೋ ಬಳಗದಲ್ಲೇ ಇದ್ದ ಡಾನಿಯೆಲೆ ಪ್ರೋಚಿಡಾ ಅನ್ನೋರು ಡಾಕ್ಯುಮೆಂಟೇಶನನ್ನ ನಾಲ್ಕು ಬಗೆಯಾಗಿ ಬೇರೆ ಮಾಡ್ತಾರೆ, ಕೈ ಹಿಡಿದು ಕಲಿಸೋ ಟ್ಯುಟೋರಿಯಲ್ ಒಂದು, ಕೆಲಸ ಗೊತ್ತಿರೋನಿಗೆ ಬೇಕಾದ ಮಾರ್ಗದರ್ಶಿ ಇನ್ನೊಂದು, ಹುಡುಕಿ ನೋಡೋಕೆ ಇರೋ ರೆಫರೆನ್ಸ್ ಮೂರನೇದು, ಯಾಕೆ ಹೀಗೆ ಅಂತ ತಿಳಿಸೋ ವಿವರಣೆ ನಾಲ್ಕನೇದು. ಈ ನಾಲ್ಕನ್ನೂ ಒಂದೇ ಪಾತ್ರೆಗೆ ಹಾಕಿ ಕಲಸ್ಬೇಡಿ ಅನ್ನೋದು ಅವರ ವಾದ. ನಂಗೆ ಇದು ಪೂರ್ತಿ ಒಪ್ಪಿಗೆ ಇಲ್ಲ, ಒಂದೊಂದು ಸಲ ಯಾಕೆ ಅಂತ ಒಂದು ಸಾಲು ಹೇಳ್ದೆ ಹೋದ್ರೆ ಮನಸ್ಸು ಮುಂದಕ್ಕೆ ಹೋಗಲ್ಲ, ಆದ್ರೆ ಒಂದು ಸಾಲು ಅಂದ್ರೆ ಒಂದೇ ಸಾಲು, ಮೂರು ಪ್ಯಾರಾ ಅಲ್ಲ.

ಜನ ಓದಲ್ಲ ಅನ್ನೋದೂ ಹೊಸ ಸುದ್ದಿ ಏನಲ್ಲ. 1980ರ ದಶಕದಲ್ಲಿ ಐಬಿಎಂನ ವಾಟ್ಸನ್ ಸಂಶೋಧನಾ ಕೇಂದ್ರದಲ್ಲಿ ಜಾನ್ ಕ್ಯಾರಲ್ ಮತ್ತೆ ಅವರ ಜೊತೆಗಾರರು, ಆಫೀಸ್ ಕೆಲಸ ಮಾಡೋರನ್ನ ವರ್ಡ್ ಪ್ರೊಸೆಸರ್ ಮುಂದೆ ಕೂರಿಸಿ ಅವರು ಹೇಗೆ ಕಲೀತಾರೆ ಅಂತ ಪಕ್ಕದಲ್ಲಿ ಕೂತು ನೋಡಿದ್ರು. ದಪ್ಪ ಮ್ಯಾನುಯಲ್ ಕೊಟ್ಟಿದ್ರೂ ಜನ ಪೀಠಿಕೆ ಹಾರಿಸಿ ನೇರ ಕೀಬೋರ್ಡಿಗೆ ಕೈ ಹಾಕ್ತಿದ್ರು, ತಪ್ಪು ಮಾಡ್ತಿದ್ರು, ಆ ತಪ್ಪಿಂದ ಹೊರಗೆ ಬರೋದು ಮ್ಯಾನುಯಲಲ್ಲಿ ಸಿಕ್ತಿರ್ಲಿಲ್ಲ. ಆಗ ಅವರು ಪೀಠಿಕೆ ಕಿತ್ತು ಹಾಕಿ, ನಿಜವಾದ ಕೆಲಸದಿಂದಲೇ ಶುರು ಮಾಡಿ, ತಪ್ಪಾದ್ರೆ ಹೇಗೆ ಗೊತ್ತಾಗತ್ತೆ, ಹೇಗೆ ವಾಪಸ್ ಬರ್ಬೇಕು ಅನ್ನೋದನ್ನ ಸೇರಿಸಿ ಒಂದು ಪುಟ್ಟ ಮ್ಯಾನುಯಲ್ ಮಾಡಿದ್ರು, ಅದನ್ನ ಹಿಡಿದೋರು ಬೇಗ ಕಲಿತ್ರು. ನನ್ನ ಇವತ್ತಿನ ತಕರಾರಿನ ಅರ್ಧ ಅಲ್ಲೇ ಇದೆ ನೋಡಿ.

ನಮ್ಮ ದೇಶದ ಕಡೆ ಬಂದ್ರೆ ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆ ಇದೆ, ಪ್ರೊಫೆಸರ್ ಕಣ್ಣನ್ ಮೌದ್ಗಲ್ಯ ಕಟ್ಟಿದ್ದು. ಸುಮಾರು 10 ನಿಮಿಷದ ವೀಡಿಯೋಗಳು, ಪೈಥಾನ್, ಲಿನಕ್ಸ್, ಲೇಟೆಕ್, ಸೈಲ್ಯಾಬ್, ಎಲ್ಲಾ ಮುಕ್ತ ತಂತ್ರಾಂಶಗಳು, ಕನ್ನಡದಲ್ಲೂ ಡಬ್ ಆಗಿವೆ. ಮಾತು ಮಾತ್ರ ಕನ್ನಡ, ಸ್ಕ್ರೀನು ಇಂಗ್ಲಿಷಲ್ಲೇ ಇರತ್ತೆ, ಇದು ಸರಿಯಾದ ನಿರ್ಧಾರ, ಯಾಕಂದ್ರೆ ಕಲಿಯೋನ ಕಂಪ್ಯೂಟರಲ್ಲಿ ಮೆನು ಬರೋದೂ ಎರರ್ ಬರೋದೂ ಇಂಗ್ಲಿಷಲ್ಲೇ. ಕೆಲವರು ಎರರ್ ಮೆಸೇಜನ್ನೂ ಕನ್ನಡಕ್ಕೆ ತಿರುಗಿಸಿ ಬರೀತಾರೆ, ಪಾಪ ಅಭಿಮಾನದಿಂದಲೇ, ಆದ್ರೆ ಓದೋನು ಅದನ್ನ ತನ್ನ ಸ್ಕ್ರೀನ್ ಜೊತೆ ಹೋಲಿಸೋಕೂ ಆಗಲ್ಲ, ಹುಡುಕೋಕೂ ಆಗಲ್ಲ. ಸ್ಪೋಕನ್ ಟ್ಯುಟೋರಿಯಲ್‌ನೋರು ಒಂದು ಪದ್ಧತಿ ಇಟ್ಕೊಂಡಿದಾರೆ, ಪರದೆಯ ಒಂದು ಕಡೆ ವೀಡಿಯೋ, ಇನ್ನೊಂದು ಕಡೆ ಸಾಫ್ಟ್‌ವೇರು, ನಿಲ್ಲಿಸಿ ನಿಲ್ಲಿಸಿ ತಾನೂ ಮಾಡಿ ಹೋಲಿಸಿ ನೋಡೋದು. ಸ್ಕ್ರಿಪ್ಟ್ ಮೊದಲೇ ಬರೆದು, ಆ ಸಾಫ್ಟ್‌ವೇರ್ ಗೊತ್ತಿಲ್ಲದ ಹೊಸಬರ ಕೈಲಿ ಒಂದು ಸಲ ಪರೀಕ್ಷೆ ಮಾಡಿಸ್ತಾರೆ. ಪಂಡಿತರ ಪರಿಶೀಲನೆ ಎಲ್ಲರೂ ಮಾಡಿಸ್ತಾರೆ, ಗೊತ್ತಿಲ್ಲದವರ ಪರಿಶೀಲನೆ ಮಾಡಿಸೋರು ಕಮ್ಮಿ. ನೀವೂ ಮಾಡ್ಬಹುದು, ತಂಗಿನೋ ಪಕ್ಕದ ಮನೆ ಹುಡುಗನೋ ಕೂರಿಸಿ, ಬಾಯಿ ಮುಚ್ಕೊಂಡು ನೋಡಿ, ಮೌಸಿಗೆ ಕೈ ಹಾಕ್ಬೇಡಿ, ಅವರು ಎಲ್ಲಿ ನಿಂತ್ರೋ ಅಲ್ಲಿ ಒಂದು ಸಾಲು ಕಮ್ಮಿ ಇದೆ ಅಂತ ಅರ್ಥ. ಬಾಯಿ ಮುಚ್ಕೊಂಡು ಕೂರೋದೇ ಕಷ್ಟ, ಅದು ಬೇರೆ ಮಾತು.

ಕನ್ನಡದಲ್ಲಿ ಬರೆಯೋರಿಗೆ ಇನ್ನೊಂದು ವಿಷಯ. ಇಂಗ್ಲಿಷ್ ಟ್ಯುಟೋರಿಯಲಲ್ಲಿ ಹಲೋ ಇದ್ದ ಕಡೆ ಕನ್ನಡ ಪದ ಹಾಕಿಬಿಟ್ರೆ ಕನ್ನಡದ ಟ್ಯುಟೋರಿಯಲ್ ಆಗೋಯ್ತು ಅಂತ ಅಂದ್ಕೋಬೇಡಿ, ಓಡಿಸಿ ನೋಡಿ. ಅಕ್ಷರ ಎಣಿಸೋ ಲೆನ್ ಅನ್ನೋ ಫಂಕ್ಷನ್‌ಗೆ "ಕನ್ನಡ" ಅಂತ ಕೊಡಿ, 3 ಬರತ್ತೆ ಅಂತ ಕಲಿಯೋನು ಕಾಯ್ತಿರ್ತಾನೆ, ಬರೋದು 5. ಎಲ್ಲಾ ಭಾಷೆಗಳ ಅಕ್ಷರಗಳಿಗೂ ನಂಬರ್ ಕೊಡೋ ಯೂನಿಕೋಡಲ್ಲಿ ಕ, ನ, ಒತ್ತಕ್ಷರಕ್ಕೆ ಬರೋ ಹಲಂತ, ಮತ್ತೊಂದು ನ, ಡ, ಹೀಗೆ ಎಣಿಕೆ ನಡಿಯತ್ತೆ. ಹೆಸರನ್ನ ಉಲ್ಟಾ ಮಾಡೋ ಉದಾಹರಣೆಗೆ "ರವಿ" ಅಂತ ಕೊಟ್ರೆ ಗುಡಿಸು ಒಂದೇ ಮೊದಲು ಬಂದು, ಹಿಡ್ಕೊಳ್ಳೋಕೆ ಅಕ್ಷರ ಇಲ್ದೆ ಚುಕ್ಕಿ ವೃತ್ತದ ಮೇಲೆ ಕೂತಿರತ್ತೆ. ಪೈಥಾನ್ ಅದರ ಲೆಕ್ಕದಲ್ಲಿ ಸರಿಯಾಗೇ ಮಾಡಿದೆ, ನೀವು ಮೊದಲೇ ಹೇಳಿರ್ಲಿಲ್ಲ ಅಷ್ಟೇ. ಒಂದಾ ಉದಾಹರಣೆ ಬದಲಾಯಿಸಿ, ಇಲ್ಲಾಂದ್ರೆ ಇಲ್ಲಿ 5 ಬರತ್ತೆ, ಗಾಬರಿ ಆಗ್ಬೇಡಿ, ಕಾರಣ ಮುಂದಿನ ಪಾಠದಲ್ಲಿ ಅಂತ ಬರೀರಿ.

ಕೊನೇದಾಗಿ, ಬರೆದಾಗ ಸರಿ ಇದ್ದಿದ್ದು ಸರಿಯಾಗೇ ಉಳಿಯಲ್ಲ. ಪೈಥಾನ್ 2ಕ್ಕೆ 2020ರ ಜನವರಿ 1ಕ್ಕೆ ಬೆಂಬಲ ನಿಂತು ಹೋಯ್ತು, ಪೈಥಾನ್ 3ರಲ್ಲಿ ಓಡದ, ಬ್ರಾಕೆಟ್ ಇಲ್ಲದ ಪ್ರಿಂಟ್ ಇರೋ ಪಾಠಗಳು ಇನ್ನೂ ಓಡಾಡ್ತಿವೆ. ಗಿಟ್ ಬಳಸೋರು ಕೋಡ್ ಇಡೋ ತಾಣ ಗಿಟ್‌ಹಬ್ 2020ರ ಅಕ್ಟೋಬರಿಂದ ಹೊಸ ರೆಪೊಸಿಟರಿಗಳಲ್ಲಿ, ಅಂದ್ರೆ ಕೋಡಿನ ಕಣಜಗಳಲ್ಲಿ, ಮುಖ್ಯ ಶಾಖೆಗೆ ಮಾಸ್ಟರ್ ಬದಲು ಮೇನ್ ಅನ್ನೋ ಹೆಸರು ಇಟ್ತು, 2021ರ ಆಗಸ್ಟ್ 13ರಿಂದ ಕಮಾಂಡ್ ಲೈನಲ್ಲಿ ಅಕೌಂಟ್ ಪಾಸ್‌ವರ್ಡ್ ಒಪ್ಪೋದನ್ನೇ ನಿಲ್ಲಿಸ್ತು. ಅದಕ್ಕಿಂತ ಮುಂಚೆ ಬರೆದ ಪಾಠ ಹಿಡ್ಕೊಂಡು ಸರಿಯಾದ ಪಾಸ್‌ವರ್ಡೇ ಹೊಡೆದ್ರೂ ಒಳಗೆ ಬಿಡಲ್ಲ, ಕಲಿಯೋನು ತನ್ನ ಪಾಸ್‌ವರ್ಡನ್ನೇ ಅನುಮಾನಿಸ್ತಾ ರಿಸೆಟ್ ಮಾಡ್ತಾ ಇರ್ತಾನೆ. ಹಾಗಾಗಿ ಪಾಠದ ತಲೆ ಮೇಲೆ ತಾರೀಖು, ಸಾಫ್ಟ್‌ವೇರ್ ವರ್ಶನ್ನು, ಯಾವ ಆಪರೇಟಿಂಗ್ ಸಿಸ್ಟಂ ಮೇಲೆ ಓಡಿಸಿ ನೋಡಿದ್ದು, ಈ ಮೂರೂ ಹಾಕಿ. ವರ್ಷಕ್ಕೊಂದು ಸಲನಾದ್ರೂ ಅದೇ ಪಾಠವನ್ನ ಏನೂ ಇನ್‌ಸ್ಟಾಲ್ ಆಗಿರದ ಒಂದು ಮಶೀನಲ್ಲಿ, ನಿಮ್ಮ ಮಶೀನಲ್ಲಲ್ಲ, ನಿಮ್ಮದರಲ್ಲಿ ಎಲ್ಲಾ ಮೊದಲೇ ಸೆಟ್ ಆಗಿರತ್ತೆ, ಮೊದಲಿಂದ ಕೊನೆವರೆಗೆ ಓಡಿಸಿ ನೋಡಿ. ಅಷ್ಟಕ್ಕೆ ಪುರುಸೊತ್ತಿಲ್ಲ ಅನ್ಸಿದ್ರೆ ಮೇಲ್ಗಡೆ "ಇದು ಹಳೇದು, ಹೊಸ ವರ್ಶನಲ್ಲಿ ಓಡಲ್ಲ" ಅಂತ ದಪ್ಪಕ್ಷರದಲ್ಲಿ ಬರೆದುಬಿಡಿ, ಇಲ್ಲಾ ಪೂರ್ತಿ ತೆಗೆದೇ ಹಾಕಿ. ನಮಸ್ಕಾರ.